ಬಲಗಾಲು ಎತ್ತದ ಕುದುರೆ: ಹಟದ ಹಿಂದಿನ ನೋವನ್ನು ಹುಡುಕುವ ಬಗೆ

ಮಂಗಳೂರಿನ ಬಳಿ, ಪಣಂಬೂರು ಮತ್ತು ಸುರತ್ಕಲ್ ನಡುವಿನ ಒಂದು ಸಣ್ಣ ಲಾಯದಲ್ಲಿ ನಾನು ಕುದುರೆಗಳ ಆರೈಕೆ ಕಲಿಯುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಅಲ್ಲಿನ ಕಂದು ಬಣ್ಣದ ಹೆಣ್ಣುಕುದುರೆಯೊಂದು ಮುಂದಿನ ಬಲಗಾಲನ್ನು ಎತ್ತಲು ಬಿಡದಾಯಿತು. ಲಾಳ ಕಟ್ಟುವವರು ಮೂರು ಸಲ ಪ್ರಯತ್ನಿಸಿದರು. ಮೂರನೆಯ ಸಲ ಅದು ಕಾಲನ್ನು ಕಿತ್ತುಕೊಂಡು ಅವರ ಮೇಲೆಯೇ ವಾಲಿತು. ಇದಕ್ಕೆ ಹಟ ಹತ್ತಿದೆ, ನಾಲ್ಕು ಪೆಟ್ಟು ಬಿದ್ದರೆ ಸರಿಹೋಗುತ್ತದೆ ಎಂದು ಅಲ್ಲಿದ್ದವರೆಲ್ಲ ಹೇಳಿದರು. ನನಗೆ ಹಾಗೆನ್ನಿಸಲಿಲ್ಲ. ಎರಡು ದಿನ ಅದರ ಬಲಗಾಲನ್ನು ಹೆಗಲಿನಿಂದ ಗೊರಸಿನವರೆಗೆ ತಡವಿ ನೋಡಿದೆ. ಊತವಿಲ್ಲ, ಬಿಸಿಯಿಲ್ಲ, ಗಾಯವಿಲ್ಲ.

ಮೂರನೆಯ ದಿನ ಬಂದ ಪಶುವೈದ್ಯರು ಮೊದಲು ಕೈಯಿಟ್ಟದ್ದು ಎಡ ಗೊರಸಿನ ಮೇಲೆ. ಅದು ಬೆಚ್ಚಗಿತ್ತು. ಗೊರಸಿನ ಮೇಲಿನ ಕೀಲಿನ ಹಿಂಭಾಗದಲ್ಲಿ, ಸಾಮಾನ್ಯವಾಗಿ ಬೆರಳಿಗೆ ಕಷ್ಟಪಟ್ಟು ಸಿಗುವ ನಾಡಿ ಅಂದು ಬಡಿಯುತ್ತಿತ್ತು. ಇಕ್ಕಳದಂಥ ಉಪಕರಣದಿಂದ ಗೊರಸಿನ ತಳವನ್ನು ಅಲ್ಲಲ್ಲಿ ಒತ್ತುತ್ತ ಹೋದಾಗ ಹಿಮ್ಮಡಿಯ ಬಳಿ ಒಂದು ಜಾಗದಲ್ಲಿ ಕುದುರೆ ಕಾಲು ಸೆಳೆಯಿತು. ಅಲ್ಲಿ ಕೆರೆದಾಗ ಕಪ್ಪು ಕೀವು ಹೊರಬಂತು. ನಿಂತ ಕುದುರೆಯ ತೂಕದಲ್ಲಿ ಸುಮಾರು 60 ಶೇಕಡಾ ಮುಂಗಾಲುಗಳ ಮೇಲಿರುತ್ತದೆ. ಬಲಗಾಲು ಎತ್ತಿದೊಡನೆ ಆ ಭಾರವೆಲ್ಲ ಎಡಗಾಲಿಗೆ, ಅಂದರೆ ಕೀವು ತುಂಬಿದ ಗೊರಸಿಗೆ, ಬೀಳುತ್ತದೆ. ಕುದುರೆ ನಿರಾಕರಿಸಿದ್ದು ಬಲಗಾಲು ಕೊಡುವುದನ್ನಲ್ಲ, ಎಡಗಾಲಿನ ಮೇಲೆ ನಿಲ್ಲುವುದನ್ನು. ನಾನು ಎರಡು ದಿನ ಹುಡುಕಿದ್ದು ತಪ್ಪು ಕಾಲಿನಲ್ಲಿ.

ಅಂದಿನಿಂದ ನಾನು ಒಂದು ಪ್ರಶ್ನೆಯನ್ನು ಬಿಡದೆ ಕೇಳಿಕೊಳ್ಳುತ್ತೇನೆ. ಈ ತಿಳಿವು ನಿಮಗೂ ಬೇಕಾಗುತ್ತದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಯಾವಾಗ?

ಕುದುರೆ ಏನು ಮಾಡಿತು ಎಂಬುದನ್ನು ಎಲ್ಲರೂ ಹೇಳುತ್ತಾರೆ: ಒದೆಯಿತು, ಕಚ್ಚಿತು, ಹಿಂಗಾಲ ಮೇಲೆ ಎದ್ದಿತು. ನೋವು ಎಲ್ಲಿದೆ ಎಂಬ ಸುಳಿವು ಅದರಲ್ಲಿ ಕಡಿಮೆ. ಆ ಕ್ಷಣದಲ್ಲಿ ಅದರ ದೇಹದ ಯಾವ ಭಾಗಕ್ಕೆ ಭಾರ, ಒತ್ತಡ ಅಥವಾ ಚಲನೆ ಬಂತು ಎಂಬುದರಲ್ಲಿ ಸುಳಿವಿದೆ. ಕಡಿವಾಣ ಬಾಯಿಗೆ ಹೋಗುವಾಗ ತಲೆ ಎತ್ತುವುದೂ, ಹತ್ತು ನಿಮಿಷ ಓಡಿದ ಮೇಲೆ ತಲೆ ಕೊಡವುವುದೂ ಬೇರೆ ಬೇರೆ. ಜೀನು ನೋಡಿದೊಡನೆ ಕಿವಿ ಹಿಂದಕ್ಕೆ ಹೋಗುತ್ತದೆಯೋ, ಜೀನನ್ನು ಕಟ್ಟುವ ಹೊಟ್ಟೆಪಟ್ಟಿ ಬಿಗಿದಾಗಲೋ, ಸವಾರ ಕೂತ ಮೇಲೋ? ಎಡಕ್ಕೆ ತಿರುಗುವಾಗ ಮಾತ್ರವೇ? ಇಳಿಜಾರಿನಲ್ಲಿ ಮಾತ್ರವೇ? ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಾತ್ರವೇ? ಒಂದು ವಾರ ಪುಸ್ತಕದಲ್ಲಿ ಹೊತ್ತು, ನೆಲ, ಜೀನು, ಸವಾರ, ಮೇವು ಇಷ್ಟನ್ನು ಬರೆದಿಟ್ಟರೆ ವೈದ್ಯರ ಕೆಲಸ ಅರ್ಧ ಹಗುರವಾಗುತ್ತದೆ. ಮೊಬೈಲಿನಲ್ಲಿ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಹೊಸಬರು ಬಂದಾಗ ಕುದುರೆ ನೋವನ್ನು ಅಡಗಿಸಿಕೊಳ್ಳುವುದುಂಟು. ಬೇಟೆಗೆ ಸಿಕ್ಕುವ ಪ್ರಾಣಿಗಳ ಸ್ವಭಾವವೇ ಅದು.

ಮುಟ್ಟುವ ಮೊದಲು

ಹತ್ತು ನಿಮಿಷ ದೂರ ನಿಂತು ನೋಡಿ. 2014ರಲ್ಲಿ ಪ್ರಕಟವಾದ ಮುಖಭಾವದ ಮಾಪನವೊಂದು ಆರು ಗುರುತುಗಳನ್ನು ಹೇಳುತ್ತದೆ: ಬಿಗಿಯಾಗಿ ಹಿಂದೆ ಸರಿದ ಕಿವಿ, ಕಿರಿದಾದ ಕಣ್ಣು, ಕಣ್ಣಿನ ಮೇಲ್ಭಾಗದ ಬಿಗಿತ, ಉಬ್ಬಿ ನಿಂತ ದವಡೆಯ ಸ್ನಾಯು, ಬಿಗಿದ ತುಟಿಯೊಂದಿಗೆ ಎದ್ದುಕಾಣುವ ಗದ್ದ, ಸೆಳೆದ ಮೂಗಿನ ಹೊಳ್ಳೆ. ಒಂದೊಂದಕ್ಕೂ 0, 1 ಅಥವಾ 2 ಅಂಕ. ಬೀಜ ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ ಕುದುರೆಗಳನ್ನು ಗಮನಿಸಿ ಇದನ್ನು ರೂಪಿಸಲಾಯಿತು. ಸವಾರಿಯ ಹೊತ್ತಿಗೆ ಬೇರೊಂದು ಪಟ್ಟಿ ಇದೆ. ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು ರೂಪಿಸಿದ ಅದರಲ್ಲಿ 24 ವರ್ತನೆಗಳಿವೆ. ಐದು ಸೆಕೆಂಡಿಗೂ ಹೆಚ್ಚು ಕಾಲ ಕಿವಿ ಹಿಂದಿಡುವುದು, ತಲೆ ಓರೆ ಮಾಡುವುದು, ಬಾಲ ಬೀಸುತ್ತಲೇ ಇರುವುದು, ಹಿಂಗಾಲಿನ ತುದಿ ಎಳೆಯುವುದು, ಮತ್ತೆ ಮತ್ತೆ ಎಡವುವುದು ಇವೆಲ್ಲ ಅದರಲ್ಲಿ ಸೇರಿವೆ. ಎಂಟು ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಸ್ನಾಯು ಮೂಳೆಗಳ ನೋವು ಇರುವ ಸಂಭವ ಹೆಚ್ಚು. ಈ ಪಟ್ಟಿಯನ್ನು ಓದಿದ ಮೇಲೆ ನಾನು ‘ಕೆಟ್ಟ ಗುಣ’ ಎಂಬ ಮಾತನ್ನು ಬಳಸುವುದನ್ನೇ ಬಿಟ್ಟಿದ್ದೇನೆ.

ನಂತರ ಲೆಕ್ಕಗಳು. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಗುದದ್ವಾರದ ಉಷ್ಣಾಂಶ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ನಾಡಿಯನ್ನು ಕೆಳದವಡೆಯ ಒಳಅಂಚಿನಲ್ಲಿ ಹಿಡಿಯಬಹುದು. ನಮ್ಮ ಕರಾವಳಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಆರೋಗ್ಯವಂತ ಕುದುರೆಯ ಉಸಿರೂ ಏರುತ್ತದೆ. ಆದ್ದರಿಂದ ನಿಮ್ಮ ಕುದುರೆಯ ಲೆಕ್ಕವನ್ನು ಅದು ಚೆನ್ನಾಗಿರುವ ದಿನಗಳಲ್ಲೇ ಬರೆದಿಟ್ಟುಕೊಳ್ಳಿ.

ಬೆನ್ನು ಮತ್ತು ಜೀನು

ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲಿ. ಕುದುರೆಯ ಪಕ್ಕದಲ್ಲಿ ಹೆಗಲಿನ ಸಮೀಪ ನಿಂತು, ಅಂಗೈಯನ್ನು ಚಪ್ಪಟೆಯಾಗಿಟ್ಟು, ಬೆನ್ನುಮೂಳೆಯ ಪಕ್ಕದ ಸ್ನಾಯುವಿನ ಮೇಲೆ ಹೆಗಲಿನ ಉಬ್ಬಿನಿಂದ ಸೊಂಟದವರೆಗೆ ನಿಧಾನವಾಗಿ ಎಳೆಯಿರಿ. ಎರಡನೆಯ ಸಲ ಬೆರಳ ತುದಿಯಿಂದ ಮಿತವಾಗಿ ಒತ್ತಿ. ಒಂದು ಜಾಗದಲ್ಲಿ ಬೆನ್ನು ತಗ್ಗಿದರೆ ಅಥವಾ ಸ್ನಾಯು ಅದುರಿದರೆ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಅದೇ ಜಾಗವನ್ನು ಮೂರು ಸಲ ಮುಟ್ಟಿ. ಕಚಗುಳಿಯಾದರೆ ಮೂರನೆಯ ಸಲಕ್ಕೆ ಪ್ರತಿಕ್ರಿಯೆ ಇಳಿಯುತ್ತದೆ. ನೋವಾದರೆ ಹಾಗೆಯೇ ಉಳಿಯುತ್ತದೆ, ಇಲ್ಲವೇ ಏರುತ್ತದೆ.

ಕುದುರೆಗೆ 18 ಜೊತೆ ಪಕ್ಕೆಲುಬುಗಳಿವೆ. ಜೀನಿನ ಭಾರ ಕೊನೆಯ ಪಕ್ಕೆಲುಬನ್ನು ದಾಟಿ ಹಿಂದಕ್ಕೆ ಹೋಗಬಾರದು, ಅಲ್ಲಿಂದಾಚೆ ಬೆನ್ನಿಗೆ ಪಕ್ಕೆಲುಬಿನ ಆಧಾರವಿಲ್ಲ. ಜೀನಿನ ಕೆಳಗೆ ಬರುವ ಬೆನ್ನುಮೂಳೆಗಳ ಮೇಲ್ಮುಳ್ಳುಗಳು ಕೆಲವು ಕುದುರೆಗಳಲ್ಲಿ ಒಂದಕ್ಕೊಂದು ತಾಗುವಷ್ಟು ಹತ್ತಿರ ಬರುತ್ತವೆ. ಅಂಥ ಕುದುರೆ ಜೀನು ಹಾಕುವಾಗಲೇ ಸಿಡುಕುತ್ತದೆ, ಸವಾರ ಕೂತೊಡನೆ ಬೆನ್ನು ಬಿಲ್ಲಾಗಿಸಿ ಹಾರುತ್ತದೆ. ಇದನ್ನು ಕ್ಷಕಿರಣ ತೆಗೆದು ನೋಡಬೇಕು. ಆದರೆ ಚಿತ್ರದಲ್ಲಿ ಮುಳ್ಳುಗಳು ತಾಗಿರುವ ಎಷ್ಟೋ ಕುದುರೆಗಳಿಗೆ ನೋವೇ ಇರುವುದಿಲ್ಲ. ಹೀಗಾಗಿ ಚಿತ್ರದ ಜೊತೆ ಕೈಯ ಪರೀಕ್ಷೆಯೂ ಕೂಡಿಬರಬೇಕು.

ಜೀನನ್ನು ಕೆಳಗಿನ ಬಟ್ಟೆಯಿಲ್ಲದೆ ಬೆನ್ನ ಮೇಲಿಟ್ಟು, ಮುಂದಿನಿಂದ ಹಿಂದಕ್ಕೆ ಕೈ ಜಾರಿಸಿ. ಮುಂದೆ ಮತ್ತು ಹಿಂದೆ ಬಿಗಿ, ನಡುವೆ ಟೊಳ್ಳು ಎಂದಾದರೆ ಸವಾರನ ತೂಕವೆಲ್ಲ ನಾಲ್ಕು ಬಿಂದುಗಳಲ್ಲಿ ಇಳಿಯುತ್ತದೆ. ಹೆಗಲಿನ ಉಬ್ಬಿಗೂ ಜೀನಿಗೂ ನಡುವೆ ಎರಡು ಮೂರು ಬೆರಳಿನಷ್ಟು ತೆರವಿರಬೇಕು, ಅದೂ ಸವಾರ ಕೂತ ಮೇಲೆ. ಸವಾರಿ ಮುಗಿದು ಜೀನು ತೆಗೆದಾಗ ಬೆವರಿನ ನಡುವೆ ಒಣಗಿದ ಮಚ್ಚೆ ಕಂಡರೆ ಅಲ್ಲಿ ಅತಿಯಾದ ಒತ್ತಡವಿದೆ, ಇಲ್ಲವೇ ಜೀನು ತಾಗುತ್ತಲೇ ಇಲ್ಲ. ಜೀನಿನ ಜಾಗದಲ್ಲಿ ಹುಟ್ಟಿದ ಬಿಳಿಕೂದಲು ಹಳೆಯ ಒತ್ತಡದ ದಾಖಲೆ. ನಮ್ಮ ಊರಿನ ಹವೆ ಇದಕ್ಕೆ ಇನ್ನೊಂದನ್ನು ಸೇರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೀನಿನ ಚರ್ಮಕ್ಕೆ ಬೂಷ್ಟು ಹಿಡಿದು ಅದು ಸೆಟೆಯುತ್ತದೆ, ಒಳಗಿನ ಉಣ್ಣೆ ತೇವ ಹೀರಿ ಗಂಟುಕಟ್ಟುತ್ತದೆ. ಮೇ ತಿಂಗಳಲ್ಲಿ ಸರಿಯಾಗಿ ಕೂತ ಜೀನು ಅಕ್ಟೋಬರಿನಲ್ಲಿ ಚುಚ್ಚಬಹುದು. ಕಡಲತೀರದ ಕುದುರೆಗಳಿಗೆ ಹೊಟ್ಟೆಪಟ್ಟಿಯ ಕೆಳಗೆ ಉಪ್ಪು, ಮರಳು ಸೇರಿ ಚರ್ಮ ಉಜ್ಜಿಹೋಗುತ್ತದೆ. ಮುಂಗಾಲಿನ ಹಿಂದಿನ ಮಡಿಕೆಯನ್ನು ಬಿಡಿಸಿ ನೋಡದಿದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ.

ತೂಕವನ್ನೂ ಲೆಕ್ಕ ಹಾಕಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ವರ್ಗ ಮಾಡಿ, ಹೆಗಲಿನ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋದಲ್ಲಿ ಅಂದಾಜು ತೂಕ ಸಿಗುತ್ತದೆ. ನಮ್ಮ ಕಂದು ಕುದುರೆಯ ಸುತ್ತಳತೆ 152, ಉದ್ದ 150. ತೂಕ ಸುಮಾರು 292 ಕಿಲೋ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಎಂಬುದು ವ್ಯಾಪಕವಾಗಿ ಪಾಲಿಸುವ ಮಿತಿ. ಅಂದರೆ 58 ಕಿಲೋ. ಜೀನಿಗೆ 8 ಕಿಲೋ ಕಳೆದರೆ ಸವಾರನಿಗೆ ಉಳಿಯುವುದು 50. ಈ ಲೆಕ್ಕವನ್ನು ಮಾಡಿದ ದಿನ, ಅದರ ಮೇಲೆ ಇಲ್ಲಿಯವರೆಗೆ ಕೂತವರನ್ನೆಲ್ಲ ನೆನೆದು ನನಗೆ ನಿಜಕ್ಕೂ ಸಂಕಟವಾಯಿತು.

ಹೊಟ್ಟೆ

ನಮ್ಮ ಕಡೆಯವರಿಗೆ ದನ ಗೊತ್ತು, ಕಂಬಳದ ಕೋಣ ಗೊತ್ತು. ಕುದುರೆಗೂ ಅದೇ ತಿಳಿವನ್ನು ಅನ್ವಯಿಸುವುದರಿಂದ ತೊಂದರೆ ಶುರುವಾಗುತ್ತದೆ. ದನ ಮೆಲುಕು ಹಾಕುತ್ತದೆ, ಕುದುರೆ ಹಾಕುವುದಿಲ್ಲ. ದನದ ಹೊಟ್ಟೆಗೆ ನಾಲ್ಕು ಕೋಣೆ, ಕುದುರೆಗೆ ಒಂದೇ ಜಠರ, ಅದೂ 8ರಿಂದ 15 ಲೀಟರು ಹಿಡಿಯುವಷ್ಟು ಚಿಕ್ಕದು. ಅದರಲ್ಲಿ ಮೇವು ಇರಲಿ ಇಲ್ಲದಿರಲಿ ಆಮ್ಲ ಸುರಿಯುತ್ತಲೇ ಇರುತ್ತದೆ. ಆಮ್ಲವನ್ನು ತಣಿಸುವ ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಸಂಜೆ ಏಳಕ್ಕೆ ಹುರುಳಿ, ಬೂಸ ಕೊಟ್ಟು ಬೆಳಗಿನವರೆಗೆ ಬರಿಗೊಂತಿನ ಮುಂದೆ ಕಟ್ಟಿಹಾಕಿದರೆ ಜಠರದ ಮೇಲ್ಭಾಗದ ರಕ್ಷಣೆಯಿಲ್ಲದ ಒಳಪದರ ಆಮ್ಲಕ್ಕೆ ಸಿಕ್ಕಿ ಹುಣ್ಣಾಗುತ್ತದೆ. ಬೆಳಿಗ್ಗೆ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವ ಕುದುರೆಯಲ್ಲಿ ಇದನ್ನು ನೆನೆಯಲೇಬೇಕು. ಹುಣ್ಣನ್ನು ಖಚಿತಪಡಿಸಲು ಮೂರು ಮೀಟರ್ ಉದ್ದದ ನಳಿಕೆಯನ್ನು ಮೂಗಿನ ಮೂಲಕ ಇಳಿಸಿ ನೋಡಬೇಕಾಗುತ್ತದೆ. ಅದು ಎಲ್ಲೆಡೆ ಸಿಗದು, ಆದ್ದರಿಂದ ಕೆಲವು ವೈದ್ಯರು ಆಮ್ಲ ತಗ್ಗಿಸುವ ಓಮೆಪ್ರಜೋಲ್ ಕೊಟ್ಟು ವರ್ತನೆ ಬದಲಾಗುತ್ತದೆಯೇ ಎಂದು ಗಮನಿಸುತ್ತಾರೆ. ರಾತ್ರಿಗೂ ಹುಲ್ಲು ಇಡುವುದಕ್ಕೆ ಮಾತ್ರ ಯಾರ ಚೀಟಿಯೂ ಬೇಡ.

ಮರಳಿನ ನೆಲದಲ್ಲಿ ಮೇವು ಹಾಕುವ ಲಾಯಗಳಲ್ಲಿ ಇನ್ನೊಂದು ಕಾರಣ ಕರುಳಿನಲ್ಲಿ ತಂಗುವ ಮರಳು. ನೆಲಕ್ಕೆ ತಾಗದ ಐದಾರು ಲದ್ದಿಯುಂಡೆಗಳನ್ನು ಪಾರದರ್ಶಕ ಚೀಲದ ನೀರಿನಲ್ಲಿ ಕಲಸಿ ಕಾಲು ಗಂಟೆ ನೇತುಹಾಕಿ. ತಳದಲ್ಲಿ ಮರಳು ಕೂತರೆ ಸಂಶಯ ಗಟ್ಟಿ. ಕೂರದಿದ್ದರೆ ಒಳಗೆ ಮರಳಿಲ್ಲ ಎಂದು ಹೇಳಲಾಗದು. ಕುದುರೆ ಪದೇ ಪದೇ ಪಕ್ಕೆಯನ್ನು ತಿರುಗಿ ನೋಡುತ್ತ, ನೆಲ ಕೆರೆಯುತ್ತ, ಹೊರಳಲು ಹವಣಿಸಿದರೆ ಟಿಪ್ಪಣಿ ಪುಸ್ತಕವನ್ನು ಬದಿಗಿಟ್ಟು ವೈದ್ಯರಿಗೆ ಕರೆ ಮಾಡಿ. ಕುದುರೆಗೆ ವಾಂತಿ ಮಾಡಲಾಗದು, ಹೊಟ್ಟೆನೋವು ಅದರ ಪ್ರಾಣವನ್ನೇ ತೆಗೆಯಬಹುದು.

ಬಾಯಿ, ಕಣ್ಣು, ಬೆವರು

ಬಾಯಿಯ ಬಗ್ಗೆ ಸ್ವಲ್ಪ ಹೇಳಿದರೆ ಸಾಕು. ಕುದುರೆಯ ಹಲ್ಲು ವರ್ಷಕ್ಕೆ 2ರಿಂದ 3 ಮಿಲಿಮೀಟರು ಹೊರಬರುತ್ತಲೇ ಇರುತ್ತದೆ. ಮೇಲ್ದವಡೆ ಅಗಲ, ಕೆಳದವಡೆ ಕಿರಿದು. ಹೀಗಾಗಿ ಮೇಲಿನ ದವಡೆಹಲ್ಲಿನ ಹೊರ ಅಂಚು ಕೆನ್ನೆಗೂ, ಕೆಳಗಿನದರ ಒಳ ಅಂಚು ನಾಲಿಗೆಗೂ ಚುಚ್ಚುವಷ್ಟು ಹರಿತವಾಗುತ್ತವೆ. ಅರೆಜಗಿದ ಹುಲ್ಲಿನ ಉಂಡೆ ಗೊಂತಿನಲ್ಲಿ ಬಿದ್ದಿದ್ದರೆ, ಲಗಾಮು ಒಂದೇ ಬದಿಗೆ ಭಾರವೆನಿಸಿದರೆ ಹಲ್ಲು ತೋರಿಸಿ.

ಕಣ್ಣಿನ ವಿಚಾರ ನಮ್ಮ ಜಿಲ್ಲೆಗಳಿಗೆ ವಿಶೇಷ. ಮಳೆಗಾಲದಲ್ಲಿ ನಾವು ಹೆದರುವ ಇಲಿಜ್ವರದ ರೋಗಾಣು, ಲೆಪ್ಟೊಸ್ಪೈರಾ, ಕುದುರೆಯ ಕಣ್ಣಿನೊಳಗೆ ಮರುಕಳಿಸುವ ಉರಿಯೂತಕ್ಕೂ ಒಂದು ಕಾರಣ. ನೀರು ಸೋರುವ, ಬೆಳಕಿಗೆ ಮುಚ್ಚಿಕೊಳ್ಳುವ ಕಣ್ಣು ಕೆಲವು ದಿನಗಳಲ್ಲಿ ತಿಳಿಯಾದಂತೆ ಕಂಡರೂ ಪ್ರತಿ ಸಲವೂ ಒಂದಿಷ್ಟು ದೃಷ್ಟಿ ಹೋಗಿರಬಹುದು. ಒಂದೇ ಬದಿಯ ವಸ್ತುಗಳಿಗೆ ಬೆಚ್ಚುವ ಕುದುರೆಯ ಆ ಬದಿಯ ಕಣ್ಣನ್ನು ಅದೇ ದಿನ ತೋರಿಸಬೇಕು.

‘ಸೋಮಾರಿ’ ಎನ್ನಿಸಿಕೊಂಡ ಕುದುರೆಯ ಮೈ ಮುಟ್ಟಿ ನೋಡಿ. ಬಿಸಿ, ತೇವದ ಹವೆಯಲ್ಲಿ ಕೆಲವು ಕುದುರೆಗಳ ಬೆವರುವ ಶಕ್ತಿಯೇ ಕುಂದುತ್ತದೆ. ಎಲ್ಲವೂ ತೊಯ್ದು ನಿಂತಿರುವಾಗ ಒಂದರ ಚರ್ಮ ಒಣಗಿದ್ದು ಹೊಳ್ಳೆ ಅರಳಿಸಿ ಏದುತ್ತಿದ್ದರೆ ಅದಕ್ಕೆ ಬೇಕಾದದ್ದು ನೆರಳು, ನೀರು, ಗಾಳಿ. ಬಿಟ್ಟು ಬಿಟ್ಟು ಬರುವ ಜ್ವರ, ಇಳಿಯುವ ಮೈ, ತೂರಾಡುವ ಹಿಂಗಾಲು ಇದ್ದರೆ ಕುದುರೆನೊಣಗಳು ಹರಡುವ ಸರ್ರಾ ರೋಗಕ್ಕಾಗಿ ರಕ್ತಪರೀಕ್ಷೆ ಮಾಡಿಸಬೇಕು. ಗ್ರಿಫಿತ್ ಇವಾನ್ಸ್ 1880ರಲ್ಲಿ ಇದರ ರೋಗಾಣುವನ್ನು ಗುರುತಿಸಿದ್ದು ಅಂದಿನ ಭಾರತದ ಕುದುರೆ, ಒಂಟೆಗಳ ರಕ್ತದಲ್ಲೇ.

ನಡಿಗೆ

ಕುಂಟನ್ನು ಟ್ರಾಟ್‌ನಲ್ಲಿ, ಅಂದರೆ ಕರ್ಣರೇಖೆಯ ಎರಡೆರಡು ಕಾಲು ಒಟ್ಟಿಗೆ ಬೀಳುವ ಓಟದಲ್ಲಿ ನೋಡಬೇಕು. ನೋಯುವ ಮುಂಗಾಲು ನೆಲಕ್ಕೆ ತಾಗುವಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ತಾಗುವಾಗ ತಗ್ಗುತ್ತದೆ. ನಾನು ಮೊದಮೊದಲು ಇದನ್ನು ತಿರುವುಮುರುವಾಗಿ ಓದುತ್ತಿದ್ದೆ. ಗಟ್ಟಿ ನೆಲದಲ್ಲಿ ಹೆಚ್ಚುವ ಕುಂಟು ಗೊರಸು, ಕೀಲುಗಳತ್ತ ಬೆರಳು ತೋರಿಸುತ್ತದೆ. ಮೆದು ಮರಳಿನಲ್ಲಿ ಹೆಚ್ಚುವುದು ಸ್ನಾಯುರಜ್ಜುಗಳತ್ತ. ಕಡಲತೀರದಲ್ಲಿ ಮಾತ್ರ ಓಡಿಸಿ ನೋಡಿದವರು ಗೊರಸಿನ ನೋವನ್ನು ಕಾಣದೆ ಹೋಗುವುದು ಹೀಗೆ. ಮಳೆಯಲ್ಲಿ ನೆನೆದು ಮೆತ್ತಗಾದ ಗೊರಸಿನ ತಳಕ್ಕೆ ಮುರಕಲ್ಲಿನ ಹರಳು ಒತ್ತಿದರೆ ಒಳಗೆ ರಕ್ತ ಹೆಪ್ಪುಗಟ್ಟುತ್ತದೆ, ಆಮೇಲೆ ಕೀವು. ತಳದ ತ್ರಿಕೋನದ ಸೀಳಿನಲ್ಲಿ ಕಪ್ಪು ಲೋಳೆ ಮತ್ತು ಕೊಳೆತ ವಾಸನೆ ಇದ್ದರೆ ಲಾಯದ ನೆಲ ಒಣಗಿಸದೆ ಯಾವ ಔಷಧವೂ ನಿಲ್ಲುವುದಿಲ್ಲ.

ನೋವು ಹೋದ ಮೇಲೆ

ಕಾರಣ ಸಿಗದಾಗ ವೈದ್ಯರು ಕೆಲವು ದಿನ ನೋವುನಿವಾರಕ ಕೊಟ್ಟು ನೋಡುವುದುಂಟು. ವರ್ತನೆ ಸುಧಾರಿಸಿದರೆ ನೋವಿತ್ತು ಎಂದರ್ಥ. ಸುಧಾರಿಸದಿದ್ದರೆ ನೋವಿಲ್ಲ ಎಂದರ್ಥವಲ್ಲ, ಕೆಲವು ನೋವುಗಳು ಆ ಔಷಧಕ್ಕೆ ಬಗ್ಗುವುದಿಲ್ಲ. ನಾವಾಗಿ ಮಾಡುವ ಬದಲಾವಣೆಗಳನ್ನು ಒಂದೊಂದಾಗಿಯೇ ಮಾಡಬೇಕು. ಜೀನು, ಮೇವು, ಲಾಳ ಮೂರನ್ನೂ ಒಂದೇ ವಾರದಲ್ಲಿ ಬದಲಿಸಿದರೆ ಕುದುರೆ ಸುಧಾರಿಸಬಹುದು, ನಾವು ಕಲಿಯುವುದು ಏನೂ ಇರದು.

ಕಂದು ಕುದುರೆಯ ಕೀವು ಹೊರಬಂದ ಮೇಲೆ ಧನುರ್ವಾಯು ತಡೆಯುವ ಚುಚ್ಚುಮದ್ದು ಹಾಕಿ, ಗೊರಸಿಗೆ ಪಟ್ಟಿ ಕಟ್ಟಿದರು. ನಾಲ್ಕು ದಿನದಲ್ಲಿ ಕುಂಟು ಹೋಯಿತು. ಆದರೂ ಬಲಗಾಲು ಮುಟ್ಟಿದರೆ ಅದು ಬಿಗಿಯುತ್ತಿತ್ತು, ಏಕೆಂದರೆ ನೋವಿನ ನೆನಪು ಗೊರಸಿನಲ್ಲಿರುವುದಿಲ್ಲ. ದಿನಕ್ಕೆ ಎರಡು ಹೊತ್ತು ಕಾಲನ್ನು ಒಂದು ಕ್ಷಣ ಎತ್ತಿ, ಅದು ಕಿತ್ತುಕೊಳ್ಳುವ ಮೊದಲೇ ಕೆಳಗಿಟ್ಟೆ. ನಂತರ ಎರಡು ಕ್ಷಣ, ನಂತರ ಐದು. ಹದಿನೆಂಟನೆಯ ದಿನ ಲಾಳ ಕಟ್ಟುವವರು ಬಂದಾಗ ಅದು ಬಲಗಾಲನ್ನು ತಾನಾಗಿ ಸಡಿಲ ಬಿಟ್ಟಿತು. ಎಡ ಹಿಂಗಾಲಿಗೆ ಹೋದಾಗ ಮಾತ್ರ ಕಿವಿ ಹಿಂದೆ ಸರಿದು ಒಂದಿಷ್ಟು ಹೊತ್ತು ಅಲ್ಲೇ ನಿಂತಿತು. ಹೊತ್ತು, ನೆಲ, ಕಾಲು ಎಲ್ಲ ಬರೆದುಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಬಲ ಹಿಂಗಾಲಿನಿಂದ ನೋಡಲು ಶುರುಮಾಡುತ್ತೇನೆ.