ಔಷಧ ವಿಮೆಯ ಆಯ್ಕೆ ಹಿರಿಯರ ಹೆಗಲಿಗೆ ಬಿದ್ದದ್ದು ಹೇಗೆ: ಅಮೆರಿಕದ ಮೆಡಿಕೇರ್ ಪಾರ್ಟ್ ಡಿ ಹಿನ್ನೆಲೆ

ಅಮೆರಿಕದಲ್ಲಿ 65 ವರ್ಷ ದಾಟಿದವರಿಗೆ ಪ್ರತಿವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಒಂದು ಕೆಲಸ ಕಾದಿರುತ್ತದೆ. ಮುಂದಿನ ವರ್ಷದ ಔಷಧ ವಿಮೆಯನ್ನು ಯಾವ ಕಂಪನಿಯಿಂದ ಪಡೆಯಬೇಕೆಂಬುದನ್ನು ಅವರು ಆ ಅವಧಿಯೊಳಗೆ ತೀರ್ಮಾನಿಸಬೇಕು. ಸುಮ್ಮನಿದ್ದರೆ ಹಳೆಯ ಯೋಜನೆಯೇ, ಬದಲಾದ ದರ ಮತ್ತು ಬದಲಾದ ಔಷಧಪಟ್ಟಿಯೊಂದಿಗೆ, ಸಾಮಾನ್ಯವಾಗಿ ಮುಂದುವರಿಯುತ್ತದೆ. ಹಿರಿಯರ ಆಸ್ಪತ್ರೆ ಮತ್ತು ವೈದ್ಯರ ಖರ್ಚಿಗೆ ಸರ್ಕಾರವೇ ಮೆಡಿಕೇರ್ ಹೆಸರಿನಲ್ಲಿ ವಿಮೆ ಒದಗಿಸುವ ದೇಶದಲ್ಲಿ, ಮಾತ್ರೆಗಳ ವಿಚಾರದಲ್ಲಿ ಮಾತ್ರ ಎಂಬತ್ತರ ವಯಸ್ಸಿನವರೂ ಖಾಸಗಿ ಯೋಜನೆಗಳನ್ನು ತಾಳೆ ನೋಡುತ್ತ ಕೂರಬೇಕಾದ ಸ್ಥಿತಿ ಹೇಗೆ ಬಂತೆಂದು ತಿಳಿಯಲು ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಸಹಿ ಹಾಕಿದ ಮೆಡಿಕೇರ್ ಕಾಯ್ದೆಯಲ್ಲಿ ಎರಡು ಭಾಗಗಳಿದ್ದವು: ಪಾರ್ಟ್ ಎ ಆಸ್ಪತ್ರೆಯ ವೆಚ್ಚಕ್ಕೆ, ಪಾರ್ಟ್ ಬಿ ವೈದ್ಯರ ವೆಚ್ಚಕ್ಕೆ. ವೈದ್ಯರ ಚೀಟಿ ಹಿಡಿದು ಅಂಗಡಿಯಲ್ಲಿ ಕೊಳ್ಳುವ ಔಷಧ ಯಾವುದರಲ್ಲೂ ಸೇರಲಿಲ್ಲ. ಆ ಕಾಲದಲ್ಲಿ ಜನರು ಹೆದರುತ್ತಿದ್ದದ್ದು ಆಸ್ಪತ್ರೆಯ ಬಿಲ್ಲಿಗೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್‌ಗಳಿಗೆ ದಶಕಗಟ್ಟಲೆ ದಿನವೂ ಮಾತ್ರೆ ನುಂಗುವ ಚಿಕಿತ್ಸಾಕ್ರಮ ವ್ಯಾಪಕವಾದದ್ದು ಆಮೇಲೆ.

ಆ ಕೊರತೆಯನ್ನು ತುಂಬುವ ಮೊದಲ ದೊಡ್ಡ ಪ್ರಯತ್ನ 1988ರದು. ರೊನಾಲ್ಡ್ ರೇಗನ್ ಸಹಿ ಹಾಕಿದ ಆ ಕಾಯ್ದೆ, ಭಾರೀ ಕಾಯಿಲೆಯ ವೆಚ್ಚಕ್ಕೆ ಮಿತಿ ಹಾಕುವುದರ ಜೊತೆಗೆ ಔಷಧಗಳನ್ನೂ ಮೆಡಿಕೇರ್ ವ್ಯಾಪ್ತಿಗೆ ತರಲು ಹೊರಟಿತ್ತು. ಆದರೆ ಅದರ ವೆಚ್ಚವನ್ನು ಪೂರ್ತಿಯಾಗಿ ಹಿರಿಯರೇ ಹೊರಬೇಕಿತ್ತು. ಹೆಚ್ಚು ಆದಾಯವುಳ್ಳವರು 1989ರಲ್ಲಿ ತಲಾ 800 ಡಾಲರ್‌ವರೆಗೆ ಹೆಚ್ಚುವರಿ ಹಣ ಕಟ್ಟಬೇಕಾಯಿತು. ಅವರಲ್ಲಿ ಅನೇಕರಿಗೆ ಹಿಂದಿನ ಉದ್ಯೋಗದಾತರಿಂದ ಇಂಥ ಸೌಲಭ್ಯ ಆಗಲೇ ಸಿಗುತ್ತಿತ್ತು. ಆಗಸ್ಟ್ 1989ರಲ್ಲಿ ಷಿಕಾಗೋದಲ್ಲಿ ಸಿಟ್ಟಿಗೆದ್ದ ಹಿರಿಯರು ಕಾಯ್ದೆಯ ಪರವಾಗಿದ್ದ ಸಂಸದ ಡಾನ್ ರೊಸ್ಟೆಂಕೌಸ್ಕಿ ಅವರ ಕಾರನ್ನು ಸುತ್ತುವರಿದರು; ಆ ವರ್ಷ ಮುಗಿಯುವುದರೊಳಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಾಯ್ದೆಯನ್ನೇ ರದ್ದುಪಡಿಸಿತು. ಔಷಧ ಸೌಲಭ್ಯ ಜಾರಿಗೆ ಬರುವ ಮುನ್ನವೇ ಅಳಿಯಿತು. ಮುಂದಿನ ಹದಿನಾರು ವರ್ಷ ಹಿರಿಯರು ಮಾತ್ರೆಗಳಿಗೆ ಕೈಯಿಂದ ಹಣ ಹಾಕುತ್ತಲೇ ಹೋದದ್ದು ಈ ಹಿನ್ನಡೆಯಿಂದ ರಾಜಕಾರಣಿಗಳಲ್ಲಿ ಹುಟ್ಟಿದ ಹೆದರಿಕೆಯ ಫಲವೆಂದೇ ನನ್ನ ಅಭಿಪ್ರಾಯ.

ಮೆಡಿಕೇರ್‌ನ ಔಷಧ ವಿಮೆಯಾದ ಪಾರ್ಟ್ ಡಿ ಹುಟ್ಟಿದ್ದು 2003ರಲ್ಲಿ. ನವೆಂಬರ್ 22ರ ನಸುಕಿನಲ್ಲಿ ಪ್ರತಿನಿಧಿ ಸಭೆಯ ಮತದಾನವನ್ನು ಸುಮಾರು ಮೂರು ಗಂಟೆ ಮುಗಿಸದೆ ಎಳೆದು, ಕೊನೆಗೆ 220–215 ಮತಗಳಿಂದ ಮಸೂದೆಯನ್ನು ದಾಟಿಸಲಾಯಿತು; ಡಿಸೆಂಬರ್ 8ರಂದು ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದರು. ಇಂದಿನ ತೊಡಕುಗಳ ಬೇರು ಅಂದಿನ ಮೂರು ನಿರ್ಧಾರಗಳಲ್ಲಿದೆ. ಸೌಲಭ್ಯವನ್ನು ಸರ್ಕಾರ ತಾನೇ ನಡೆಸದೆ ಖಾಸಗಿ ವಿಮಾ ಕಂಪನಿಗಳಿಗೆ ವಹಿಸಿತು. ಔಷಧ ತಯಾರಕರೊಂದಿಗಿನ ದರದ ಚೌಕಾಸಿಯಲ್ಲಿ ಸರ್ಕಾರ ಕೈಹಾಕಬಾರದೆಂದು ಕಾಯ್ದೆಯಲ್ಲಿಯೇ ಬರೆಯಿತು. ಹತ್ತು ವರ್ಷಗಳ ಖರ್ಚನ್ನು 400 ಬಿಲಿಯನ್ ಡಾಲರ್ ಒಳಗೆ ಹಿಡಿಯಬೇಕೆಂಬ ಹಟದಿಂದ ವಿಮೆಯ ನಡುವೆ ಒಂದು ಕಂದಕವನ್ನೇ ತೋಡಿತು. 2006ರ ಜನವರಿ 1ರಂದು ಜಾರಿಗೆ ಬಂದ ಮಾದರಿ ಯೋಜನೆಯಲ್ಲಿ ಮೊದಲ 250 ಡಾಲರ್ ಹಿರಿಯರದು; ಔಷಧದ ಒಟ್ಟು ವೆಚ್ಚ 2,250 ಡಾಲರ್ ಮುಟ್ಟುವವರೆಗೆ ಅವರ ಪಾಲು ಶೇ. 25, ಅಲ್ಲಿಂದ 5,100 ಡಾಲರ್‌ವರೆಗೆ ಪೂರ್ತಿ ಹಣ ಅವರದೇ, ಅದರಾಚೆ ಶೇ. 5. ಡೋನಟ್ ಹೋಲ್ ಎಂದು ಹೆಸರಾದ ಆ ನಡುವಿನ ಭಾಗದಲ್ಲಿ, ಅತಿ ಹೆಚ್ಚು ಔಷಧ ಬೇಕಾದವರೇ ಪ್ರೀಮಿಯಂ ಕಟ್ಟುತ್ತಲೇ ವಿಮೆಯಿಲ್ಲದವರಂತಾಗುತ್ತಿದ್ದರು.

ಮೊದಲ ವರ್ಷ ಹೆಚ್ಚಿನ ರಾಜ್ಯಗಳಲ್ಲಿ ನಲವತ್ತಕ್ಕೂ ಹೆಚ್ಚು ಯೋಜನೆಗಳು ಮಾರುಕಟ್ಟೆಯಲ್ಲಿದ್ದವು. ಆಯ್ಕೆ ಹೆಚ್ಚಿದಷ್ಟೂ ಗ್ರಾಹಕನಿಗೆ ಲಾಭವೆಂಬ ನಂಬಿಕೆ ಇದರ ಹಿಂದಿತ್ತು. ಆದರೆ ಜೇಸನ್ ಅಬಲಕ್ ಮತ್ತು ಜೊನಾಥನ್ ಗ್ರೂಬರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಮಗೆ ಅತ್ಯಂತ ಕಡಿಮೆ ವೆಚ್ಚದ ಯೋಜನೆಯನ್ನು ಆರಿಸಿಕೊಂಡವರು ಸುಮಾರು ಶೇ. 12 ಮಾತ್ರ. ಕಣ್ಣಿಗೆ ಕಾಣುವ ಪ್ರೀಮಿಯಂಗೆ ಜನ ಹೆಚ್ಚು ತೂಕ ಕೊಡುತ್ತಿದ್ದರು, ಮುಂದೆ ಔಷಧದ ಅಂಗಡಿಯಲ್ಲಿ ತೆರಬೇಕಾದ ಹಣಕ್ಕೆ ಕಡಿಮೆ.

2010ರ ಆರೋಗ್ಯ ಸುಧಾರಣಾ ಕಾಯ್ದೆ ಆ ಕಂದಕವನ್ನು ಹಂತಹಂತವಾಗಿ 2020ರ ವೇಳೆಗೆ ಮುಚ್ಚಿತು. ಇನ್ನೂ ದೊಡ್ಡ ತಿದ್ದುಪಡಿ ಬಂದದ್ದು ಆಗಸ್ಟ್ 2022ರ ಹಣದುಬ್ಬರ ಇಳಿಕೆ ಕಾಯ್ದೆಯಿಂದ. ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮಿತಿ 2023ರಲ್ಲಿ ಬಂತು. ಯೋಜನೆಯ ವ್ಯಾಪ್ತಿಯ ಔಷಧಗಳಿಗೆ ಹಿರಿಯರು ವರ್ಷಕ್ಕೆ ಕೈಯಿಂದ ಹಾಕುವ ಹಣಕ್ಕೆ 2025ರಲ್ಲಿ 2,000 ಡಾಲರ್, 2026ರಲ್ಲಿ 2,100 ಡಾಲರ್ ಮಿತಿ ನಿಗದಿಯಾಯಿತು. ಎಲಿಕ್ವಿಸ್, ಜಾನುವಿಯಾ ಸೇರಿದಂತೆ ಹತ್ತು ಔಷಧಗಳಿಗೆ ಸರ್ಕಾರವೇ ಚೌಕಾಸಿ ಮಾಡಿದ ದರ 2026ರ ಜನವರಿಯಿಂದ ಜಾರಿಯಾಯಿತು.

ಮಿತಿ ಬಂದ ಮೇಲೆ ಯಾವ ಯೋಜನೆಯಾದರೂ ಒಂದೇ ಎಂದುಕೊಳ್ಳುವುದು ಸರಿಯಲ್ಲ. ಮಿತಿ ದಾಟಿದ ಮೇಲಿನ ವೆಚ್ಚದಲ್ಲಿ ವಿಮಾ ಕಂಪನಿಯ ಪಾಲು ಹಿಂದೆ ಶೇ. 15 ಇದ್ದದ್ದು ಈಗ ಶೇ. 60 ಆಗಿದೆ; ಹಾಗಾಗಿ ದುಬಾರಿ ಔಷಧಗಳಿಗೆ ಮುಂಗಡ ಅನುಮತಿ ಕೇಳಲು, ಮೊದಲು ಅಗ್ಗದ ಔಷಧ ಪ್ರಯತ್ನಿಸಿರೆಂದು ಷರತ್ತು ಹಾಕಲು ಕಂಪನಿಗೆ ಹೆಚ್ಚಿನ ಕಾರಣವಿದೆ. ಪಟ್ಟಿಯಲ್ಲಿಲ್ಲದ ಔಷಧಕ್ಕೆ ಕೊಟ್ಟ ಹಣ ಸಾಮಾನ್ಯವಾಗಿ ಮಿತಿಯ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಆಯ್ಕೆಯನ್ನು ಪ್ರೀಮಿಯಂನಿಂದಲ್ಲ, ತಾವು ಸೇವಿಸುವ ಔಷಧಗಳಿಂದ ಆರಂಭಿಸಬೇಕು: ಪ್ರತಿಯೊಂದರ ಹೆಸರು, ಪ್ರಮಾಣ, ತಾವು ಹೋಗುವ ಔಷಧ ಅಂಗಡಿ ಇವನ್ನು ಮೆಡಿಕೇರ್‌ನ ಅಧಿಕೃತ ಜಾಲತಾಣದಲ್ಲಿ ತುಂಬಿದರೆ ಪ್ರತಿ ಯೋಜನೆಯ ಇಡೀ ವರ್ಷದ ಅಂದಾಜು ವೆಚ್ಚ ಸಿಗುತ್ತದೆ. ಗಂಡ ಹೆಂಡತಿಗೆ ಒಂದೇ ಯೋಜನೆ ಹೊಂದಬೇಕೆಂದೇನೂ ಇಲ್ಲ.

ಈಗ ಮಾತ್ರೆ ಬೇಡವೆಂದು ವಿಮೆಯನ್ನು ಮುಂದೂಡುವವರಿಗೆ ದಂಡವಿದೆ. ಅದಕ್ಕೆ ಸಮನಾದ ಬೇರೆ ವಿಮೆಯಿಲ್ಲದೆ ಕಳೆದ ಪ್ರತಿ ತಿಂಗಳಿಗೂ ರಾಷ್ಟ್ರೀಯ ಮೂಲ ಪ್ರೀಮಿಯಂನ ಶೇ. 1 ಸೇರುತ್ತದೆ. 2026ರ ಮೂಲ ದರ 38.99 ಡಾಲರ್, ಎರಡು ವರ್ಷ ತಡಮಾಡಿದವರಿಗೆ ತಿಂಗಳಿಗೆ ಸುಮಾರು 9.40 ಡಾಲರ್ ಹೆಚ್ಚುವರಿ, ಅದೂ ಪಾರ್ಟ್ ಡಿ ಇರುವಷ್ಟು ಕಾಲವೂ.

ಮಕ್ಕಳ ಜೊತೆ ಇರಲು ಹೋಗಿ ಗ್ರೀನ್ ಕಾರ್ಡ್ ಪಡೆದ ಕನ್ನಡದ ತಂದೆತಾಯಂದಿರಿಗೆ ಇದು ವಿಶೇಷವಾಗಿ ಮುಖ್ಯ. 65 ದಾಟಿದ ಅವರು ಐದು ವರ್ಷ ನಿರಂತರವಾಗಿ ಅಲ್ಲಿ ನೆಲೆಸಿದ ಮೇಲೆ ಪಾರ್ಟ್ ಬಿ ಕೊಳ್ಳಬಹುದು, ಅದರೊಂದಿಗೆ ಪಾರ್ಟ್ ಡಿ ಕೂಡ. ಆಗ ತೆರೆಯುವ ನೋಂದಣಿ ಅವಧಿ ತಪ್ಪಿದರೆ ದಂಡದ ಲೆಕ್ಕ ಶುರುವಾಗುತ್ತದೆ. ಊರಿಗೆ ಬಂದಾಗ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೊಂಡ ಮಾತ್ರೆಗಳಿಗೆ ಪಾರ್ಟ್ ಡಿ ಹಣ ಕೊಡುವುದಿಲ್ಲ. ಆದಾಯ ಕಡಿಮೆಯಿರುವವರು ಎಕ್ಸ್‌ಟ್ರಾ ಹೆಲ್ಪ್ ಎಂಬ ನೆರವಿಗೆ ಅರ್ಜಿ ಹಾಕಬಹುದು. ಅದು ದೊರೆತರೆ ತಡವಾದ ದಂಡವೂ ಇರುವುದಿಲ್ಲ. ಪ್ರತಿ ರಾಜ್ಯದಲ್ಲೂ ಶಿಪ್ ಎಂಬ ಉಚಿತ ಸಲಹಾ ಕೇಂದ್ರವಿದ್ದು, ಯಾವ ಕಂಪನಿಯ ಪರವೂ ನಿಲ್ಲದೆ ಯೋಜನೆಗಳನ್ನು ಹೋಲಿಸಿ ತೋರಿಸುತ್ತದೆ. ಇಂಗ್ಲಿಷ್ ಕಾಗದಪತ್ರ ತೊಡಕೆನಿಸುವ ಹಿರಿಯರ ಜೊತೆ ಮಗನೋ ಮಗಳೋ ಅಕ್ಟೋಬರ್‌ನಲ್ಲಿಯೇ ಔಷಧಗಳ ಪಟ್ಟಿ ಹಿಡಿದು ಅಲ್ಲಿಗೆ ಹೋಗುವುದು ಒಳ್ಳೆಯದು.