ಸಾಮಿಲ್ ಎಷ್ಟು ಮರ ಕೊಯ್ದಿತು ಎಂಬುದು ಸರ್ಕಾರಕ್ಕೆ ಹೇಗೆ ಗೊತ್ತಾಗುತ್ತದೆ?

ಓದುಗರ ಪ್ರಶ್ನೆ: ಈ ವರ್ಷ ಇಂಥ ದೇಶದಲ್ಲಿ ಇಷ್ಟು ಕೋಟಿ ಘನ ಮೀಟರ್ ಮರ ಕೊಯ್ಯಲಾಯಿತು ಎಂದು ಆಗಾಗ ಓದುತ್ತೇನೆ. ಸಾಮಿಲ್‌ಗಳು ನೂರಾರು, ಸಾವಿರಾರು ಇರುತ್ತವೆ. ಅಲ್ಲಿಂದ ಹೊರಬೀಳುವ ಹಲಗೆಗಳಿಗಂತೂ ಲೆಕ್ಕವೇ ಇಲ್ಲ. ಇದನ್ನೆಲ್ಲ ಸರ್ಕಾರ ನಿಜಕ್ಕೂ ಎಣಿಸುತ್ತದೆಯೇ, ಅಥವಾ ಯಾರೋ ಕಚೇರಿಯಲ್ಲಿ ಕುಳಿತು ಅಂದಾಜು ಹಾಕುತ್ತಾರೆಯೇ?

ಉತ್ತರ: ಎಣಿಸುವುದಿಲ್ಲ, ಕೇಳುತ್ತಾರೆ. ಸಾಮಿಲ್‌ಗೆ ಒಂದು ಫಾರ್ಮ್ ಹೋಗುತ್ತದೆ. ಅಲ್ಲಿನ ಗುಮಾಸ್ತರು ತಮ್ಮ ಲೆಕ್ಕದ ಪುಸ್ತಕ ತೆರೆದು ಅದನ್ನು ತುಂಬಿ ಕಳಿಸುತ್ತಾರೆ. ಎಷ್ಟು ಕೊಯ್ದಿರಿ, ಎಷ್ಟು ಮಾರಿ ಕಳಿಸಿದಿರಿ, ಅಂಗಳದಲ್ಲಿ ಎಷ್ಟು ದಾಸ್ತಾನು ಉಳಿದಿದೆ, ಅದರಲ್ಲಿ ಪೈನ್‌ನಂಥ ಮೆದುಮರ ಎಷ್ಟು, ಓಕ್‌ನಂಥ ಗಟ್ಟಿಮರ ಎಷ್ಟು? ಪ್ರಶ್ನೆಗಳು ಸ್ಥೂಲವಾಗಿ ಇಷ್ಟೇ. ಕೆನಡಾದ ಅಂಕಿಅಂಶ ಇಲಾಖೆ ಇದನ್ನು ತಿಂಗಳಿಗೊಮ್ಮೆ ಕೇಳುತ್ತದೆ. ಅಮೆರಿಕದ ಜನಗಣತಿ ಬ್ಯೂರೋ ದಶಕಗಳ ಕಾಲ ವರ್ಷಕ್ಕೊಮ್ಮೆ ಕೇಳುತ್ತಿತ್ತು.

ಅಂದಾಜು ಇಲ್ಲವೇ ಎಂದರೆ, ಅದೂ ಇದೆ. ಆದರೆ ಅದಕ್ಕೆ ಮೊದಲು ಇನ್ನೊಂದು ತೊಡಕಿದೆ. ಯಾವುದನ್ನು ಎಣಿಸಬೇಕು ಎಂಬುದೇ ಸುಲಭವಾಗಿ ತೀರ್ಮಾನವಾಗುವುದಿಲ್ಲ. ಈ ಅಂಕಿಗಳಲ್ಲಿ ಆಗುವ ಗೊಂದಲದ ಬಹುಪಾಲು ಅಲ್ಲೇ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಳತೆಯನ್ನೇ ನೋಡಿ. ಅಮೆರಿಕದಲ್ಲಿ ಕೊಯ್ದ ಮರವನ್ನು ಅಳೆಯುವುದು ಬೋರ್ಡ್ ಫೂಟ್ ಲೆಕ್ಕದಲ್ಲಿ. ಒಂದಡಿ ಉದ್ದ, ಒಂದಡಿ ಅಗಲ, ಒಂದು ಇಂಚು ದಪ್ಪದ ಹಲಗೆ ಒಂದು ಬೋರ್ಡ್ ಫೂಟ್. ಕೇಳಲು ಸರಳ. ಆದರೆ ಅಲ್ಲಿ ಮನೆ ಕಟ್ಟಲು ಬಳಸುವ 'ಟೂ ಬೈ ಫೋರ್' ಎಂಬ ಪಟ್ಟಿ ಎರಡು ಇಂಚು ದಪ್ಪವೂ ಇಲ್ಲ, ನಾಲ್ಕು ಇಂಚು ಅಗಲವೂ ಇಲ್ಲ. ಒಣಗಿಸಿ, ಹತ್ತರಿ ಹೊಡೆದು ನುಣುಪು ಮಾಡಿದ ಮೇಲೆ ಉಳಿಯುವುದು ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲ. ಹೆಸರು ಮಾತ್ರ ಹಳೆಯದೇ. ಎಂಟಡಿ ಉದ್ದದ ಒಂದು ಪಟ್ಟಿ ಹೆಸರಿನ ಅಳತೆಯಲ್ಲಿ 5.33 ಬೋರ್ಡ್ ಫೂಟ್ ಆಗುತ್ತದೆ. ಟೇಪು ಹಿಡಿದು ನೋಡಿದರೆ ಸಿಗುವುದು 3.5. ಅಂಕಿಅಂಶಗಳ ಪಟ್ಟಿಗೆ ಸೇರುವುದು ಹೆಸರಿನ ಅಳತೆಯೇ, ಏಕೆಂದರೆ ಸಾಮಿಲ್‌ನ ಪುಸ್ತಕದಲ್ಲಿ ಇರುವುದೂ ಅದೇ, ಬಿಲ್ಲಿನಲ್ಲಿ ಇರುವುದೂ ಅದೇ.

ಒಂದೇ ದೇಶದೊಳಗೆ ಎಲ್ಲರೂ ಹೀಗೇ ಅಳೆಯುತ್ತಿದ್ದರೆ ತೊಂದರೆ ಇಲ್ಲ. ಗಡಿ ದಾಟಿದಾಗ ತೊಡಕು ಶುರು. ನೂರು ಕೋಟಿ ಬೋರ್ಡ್ ಫೂಟನ್ನು ಗಣಿತದ ಸೂತ್ರ ಹಿಡಿದು ಘನ ಮೀಟರ್‌ಗೆ ತಿರುಗಿಸಿದರೆ ಸುಮಾರು 23.6 ಲಕ್ಷ ಬರುತ್ತದೆ. ಆ ಮರವೆಲ್ಲ ಟೂ ಬೈ ಫೋರ್ ಆಗಿದ್ದರೆ ನಿಜವಾಗಿ ಇರುವುದು ಸುಮಾರು 15.5 ಲಕ್ಷ ಮಾತ್ರ. ಮೂರನೇ ಒಂದು ಭಾಗ ಮರ ಬರೀ ಹೆಸರಿನಲ್ಲಿದೆ! ಅಗಲದ ಹಲಗೆಗಳಲ್ಲಿ ಈ ವ್ಯತ್ಯಾಸ ತುಸು ಕಡಿಮೆ. ಗಟ್ಟಿಮರವನ್ನು ಹೆಚ್ಚಾಗಿ ಹತ್ತರಿ ಹೊಡೆಯುವ ಮೊದಲಿನ ಒರಟು ಅಳತೆಯಲ್ಲೇ ಮಾರುವುದರಿಂದ ಅಲ್ಲಿ ಇನ್ನೂ ಕಡಿಮೆ. ಎಲ್ಲಕ್ಕೂ ಒಂದೇ ಗುಣಕ ಹಿಡಿದು ಗುಣಿಸಿದವರು ತಪ್ಪುತ್ತಾರೆ. ಎರಡು ದೇಶಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಬರೆದ ಲೇಖನ ಕಂಡಾಗಲೆಲ್ಲ ನಾನು ಮೊದಲು ಹುಡುಕುವುದು ಈ ಗುಣಕವನ್ನೇ. ಹೆಚ್ಚಿನ ಸಲ ಅದು ಕಾಣಿಸುವುದಿಲ್ಲ.

ಹಾಗಿದ್ದರೆ ದಿಮ್ಮಿಯನ್ನೇ ಅಳೆದರೆ ಆಗದೇ ಎಂದು ಕೇಳಬಹುದು. ಅಲ್ಲಿ ಇನ್ನೂ ಕಷ್ಟ. ದಿಮ್ಮಿಯೊಂದರಿಂದ ಎಷ್ಟು ಹಲಗೆ ಬರಬಹುದು ಎಂದು ಮುಂಚೆಯೇ ಹೇಳುವ ಕೋಷ್ಟಕಗಳು ಅಮೆರಿಕದಲ್ಲಿ ಹಲವಾರಿವೆ, ಮತ್ತು ಅವು ಒಂದಕ್ಕೊಂದು ಹೊಂದುವುದಿಲ್ಲ. ತುದಿಯಲ್ಲಿ ಎಂಟಿಂಚು ವ್ಯಾಸ, ಹದಿನಾರಡಿ ಉದ್ದ ಇರುವ ದಿಮ್ಮಿಯಲ್ಲಿ ಡಾಯ್ಲ್ ಕೋಷ್ಟಕ ಕಾಣುವುದು 16 ಬೋರ್ಡ್ ಫೂಟ್. ಅದೇ ದಿಮ್ಮಿಗೆ ಇಂಟರ್‌ನ್ಯಾಷನಲ್ ಕಾಲಿಂಚಿನ ಕೋಷ್ಟಕ ಕೊಡುವುದು 40. ದಿಮ್ಮಿ ದಪ್ಪವಾದಂತೆ ಎರಡೂ ಹತ್ತಿರ ಬರುತ್ತವೆ. ಹಳೆಯ ದೈತ್ಯ ಮರಗಳ ಕಾಲದಲ್ಲಿ ಯಾರಿಗೂ ದೊಡ್ಡದಾಗಿ ಕಾಣದ ಈ ವ್ಯತ್ಯಾಸ, ನೆಡುತೋಪಿನ ಸಣ್ಣ ಮರಗಳನ್ನು ಕೊಯ್ಯುವ ಈ ಕಾಲದಲ್ಲಿ ಕಣ್ಣಿಗೆ ಹೊಡೆಯುವಂತಾಗಿದೆ. ಆದ್ದರಿಂದಲೇ ಉತ್ಪಾದನೆಯನ್ನು ಗರಗಸದ ಈಚೆ ಕಡೆ, ಹಲಗೆಯಾಗಿ ಬಂದ ಮೇಲೆ ಅಳೆಯುವುದು ವಾಸಿ.

ಎರಡನೆಯ ತೊಡಕು, ಯಾರನ್ನು ಕೇಳಬೇಕು ಎಂಬುದು. ಅಂಕಿಅಂಶದವರ ಕೈಯಲ್ಲಿ ಸಾಮಿಲ್‌ಗಳ ಒಂದು ಪಟ್ಟಿ ಇರುತ್ತದೆ. ತೆರಿಗೆ ದಾಖಲೆ, ಪರವಾನಗಿ, ಹಿಂದಿನ ಗಣತಿಗಳಿಂದ ಹೆಕ್ಕಿದ ಪಟ್ಟಿ ಅದು. ದೊಡ್ಡ ಗಿರಣಿಗಳು ಅದರಿಂದ ತಪ್ಪಿಸಿಕೊಳ್ಳುವುದಿಲ್ಲ. ದೇಶದ ಉತ್ಪಾದನೆಯಲ್ಲಿ ದೊಡ್ಡ ಪಾಲು ಅವುಗಳದೇ ಆದ್ದರಿಂದ ಅವನ್ನೆಲ್ಲ ಒಂದೂ ಬಿಡದೆ ಕೇಳಿ, ಸಣ್ಣವುಗಳಲ್ಲಿ ಒಂದಷ್ಟನ್ನು ಮಾತ್ರ ಆರಿಸಿ ಕೇಳುವುದು ವಾಡಿಕೆ. ಪಟ್ಟಿಗೆ ಸಿಗದವರು ಬೇರೆ. ಗಾಡಿಗೆ ಕಟ್ಟಿಕೊಂಡು ಹೋಗುವ ಗರಗಸದವರು, ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಕೊಯ್ಯುವವರು, ಬೇರೆಯವರ ದಿಮ್ಮಿಯನ್ನು ಕೂಲಿಗೆ ಕೊಯ್ದು ಕೊಡುವವರು. ಈ ಕೂಲಿ ಕೊಯ್ತದಲ್ಲಿ ಒಂದು ಸ್ವಾರಸ್ಯವಿದೆ. ಮರ ಒಬ್ಬರದು, ಗರಗಸ ಇನ್ನೊಬ್ಬರದು. ಇಬ್ಬರೂ ವರದಿ ಮಾಡಿದರೆ ಲೆಕ್ಕ ಇಮ್ಮಡಿ, 'ಅವರು ಮಾಡುತ್ತಾರೆ' ಎಂದು ಇಬ್ಬರೂ ಬಿಟ್ಟರೆ ಸೊನ್ನೆ. ಹಾಗಾಗಿ ಕೊಯ್ದವರೇ ಬರೆಯಬೇಕು ಎಂದು ಫಾರ್ಮಿನ ಸೂಚನೆಯಲ್ಲೇ ಸ್ಪಷ್ಟಪಡಿಸಬೇಕಾಗುತ್ತದೆ.

ಸರಕು ಸಾಗಿಸುವ ಮರದ ಪ್ಯಾಲೆಟ್‌ಗಳನ್ನು ಮಾಡುವ ಕಾರ್ಖಾನೆಯದು ಮತ್ತೊಂದು ಕಥೆ. ಅದು ತನಗೆ ಬೇಕಾದ ಹಲಗೆಯನ್ನು ತಾನೇ ಕೊಯ್ದುಕೊಂಡರೂ ದಾಖಲೆಯಲ್ಲಿ ಅದು ಸಾಮಿಲ್ ಅಲ್ಲ. ಸಾಮಿಲ್‌ಗಳ ಪಟ್ಟಿಯನ್ನಷ್ಟೇ ಹಿಡಿದು ಹೊರಟರೆ ಅಲ್ಲಿ ಕೊಯ್ದ ಮರ ಎಲ್ಲಿಯೂ ಸೇರುವುದಿಲ್ಲ. ಉಲ್ಟಾ ತಪ್ಪೂ ಸಾಧ್ಯ. ಒಂದು ಗಿರಣಿ ಕೊಯ್ದ ತೊಲೆಯನ್ನು ಮತ್ತೊಂದು ಗಿರಣಿ ಕೊಂಡು ಪಟ್ಟಿಗಳಾಗಿ ಸೀಳಿ, ತನ್ನ ಉತ್ಪಾದನೆ ಎಂದು ಬರೆದರೆ ಅದೇ ಮರ ಎರಡು ಸಲ ಹುಟ್ಟಿದಂತಾಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವ್ಯಾಖ್ಯೆ ಇದನ್ನು ಮುಂದಾಗಿಯೇ ತಡೆದಿದೆ. ದಿಮ್ಮಿಯಿಂದ ನೇರವಾಗಿ ಬಂದ, 6 ಮಿಲಿಮೀಟರ್‌ಗಿಂತ ದಪ್ಪನೆಯ ಮರವಷ್ಟೇ ಲೆಕ್ಕಕ್ಕೆ. ಮೊದಲೇ ಕೊಯ್ದದ್ದನ್ನು ಮತ್ತೆ ಕೊಯ್ದರೆ ಅದು ಸೇರುವುದಿಲ್ಲ.

ಪ್ರಶ್ನೆಯನ್ನು ಸರಿಯಾಗಿ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ ಅಮೆರಿಕದ 1810ರ ಜನಗಣತಿ. ಕಾರ್ಖಾನೆ, ಗಿರಣಿಗಳ ವಿವರ ಕೇಳಿದ ಮೊದಲ ಗಣತಿ ಅದು. ಮನೆಮನೆಗೆ ಹೋಗುತ್ತಿದ್ದ ಮಾರ್ಷಲ್‌ಗಳ ಸಹಾಯಕರಿಗೇ ಈ ಕೆಲಸವನ್ನೂ ಹಚ್ಚಿದರು, ಆದರೆ ಏನನ್ನು ಕೇಳಬೇಕು ಎಂಬ ನಿಗದಿತ ನಮೂನೆಯನ್ನೇ ಕೊಡಲಿಲ್ಲ. ಒಬ್ಬೊಬ್ಬರು ಒಂದೊಂದು ಥರ ಕೇಳಿ ಬರೆದುಕೊಂಡು ಬಂದರು. ಟೆಂಚ್ ಕಾಕ್ಸ್ ಎಂಬಾತ ಅದನ್ನೆಲ್ಲ ಒಟ್ಟುಮಾಡಿ ಒಂದು ರೂಪಕ್ಕೆ ತರಲು ಪಟ್ಟ ಪಾಡು ಅಷ್ಟಿಷ್ಟಲ್ಲ. ನೂರು ವರ್ಷದ ನಂತರ ಪರಿಸ್ಥಿತಿ ಬಹಳ ಬದಲಾಗಿತ್ತು. 1909ರಲ್ಲಿ ಅಲ್ಲಿ ದಾಖಲಾದ ಉತ್ಪಾದನೆ ಸುಮಾರು 4,450 ಕೋಟಿ ಬೋರ್ಡ್ ಫೂಟ್.

ಇನ್ನು, ಗಿರಣಿಯವರು ನಿಜ ಹೇಳುತ್ತಾರೆ ಎಂದು ಹೇಗೆ ನಂಬುವುದು? ಪ್ರತಿಸ್ಪರ್ಧಿಗೆ ತಿಳಿದೀತು, ತೆರಿಗೆಯವರಿಗೆ ತಿಳಿದೀತು ಎಂಬ ಅಂಜಿಕೆ ಯಾವ ವ್ಯಾಪಾರಿಗಾದರೂ ಇದ್ದದ್ದೇ. ಅದಕ್ಕೇ ಅಂಕಿಅಂಶದ ಕಾನೂನುಗಳು ಗುಟ್ಟು ಕಾಪಾಡುವುದಕ್ಕೆ ಅಷ್ಟೊಂದು ಒತ್ತು ಕೊಡುವುದು. ಅಮೆರಿಕದಲ್ಲಿ ಗಣತಿಯ ಮಾಹಿತಿ ಸೋರಿಸಿದ ನೌಕರರಿಗೆ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ಆದರೂ ಒಂದು ಕಿಂಡಿ ಉಳಿದಿತ್ತು. ಬ್ಯೂರೋ ಬಳಿ ಇರುವ ಫಾರ್ಮ್ ಗುಟ್ಟಾಗಿರುತ್ತದೆ, ಸರಿ. ಕಂಪನಿ ತನ್ನ ಕಪಾಟಿನಲ್ಲಿ ಇಟ್ಟುಕೊಂಡ ನಕಲು? ಸೇಂಟ್ ರೆಜಿಸ್ ಎಂಬ ಕಾಗದ ಕಂಪನಿಯಿಂದ ಅಂಥ ನಕಲನ್ನು ಅಲ್ಲಿನ ವಾಣಿಜ್ಯ ಆಯೋಗ ಕೇಳಿತು. ಕೊಡಲೇಬೇಕು ಎಂದು 1961ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೀಗಾದರೆ ಮುಂದೆ ಯಾರು ತಾನೇ ನಿಜ ಬರೆದಾರು? ಮರುವರ್ಷವೇ ಸಂಸತ್ತು ಕಾನೂನು ತಿದ್ದಿ, ಕಂಪನಿಯ ಕಪಾಟಿನ ನಕಲಿಗೂ ಅದೇ ರಕ್ಷಣೆ ಕೊಟ್ಟಿತು.

ಈ ಗುಟ್ಟಿಗೆ ಬೆಲೆಯೂ ಇದೆ. ಕೆನಡಾದ ಪಟ್ಟಿಗಳನ್ನು ತೆರೆದರೆ ಕೆಲವು ಪ್ರಾಂತ್ಯಗಳ ಮನೆಯಲ್ಲಿ ಸಂಖ್ಯೆಯ ಬದಲು 'ಎಕ್ಸ್' ಎಂಬ ಒಂದೇ ಅಕ್ಷರ ಇರುತ್ತದೆ. ಗೋಪ್ಯತೆಗಾಗಿ ತಡೆಹಿಡಿದಿದೆ ಎಂಬುದರ ಗುರುತು ಅದು. ಪ್ರದೇಶವೊಂದರಲ್ಲಿ ಇರುವುದೇ ಎರಡು ಗಿರಣಿ ಎಂದುಕೊಳ್ಳಿ. ಒಟ್ಟು ಸಂಖ್ಯೆ ಪ್ರಕಟವಾದರೆ, ಒಬ್ಬರು ತಮ್ಮದನ್ನು ಕಳೆದು ಇನ್ನೊಬ್ಬರ ಉತ್ಪಾದನೆಯನ್ನು ಒಂದೇ ನಿಮಿಷದಲ್ಲಿ ಕಂಡುಹಿಡಿಯುತ್ತಾರೆ.

ಬಂದ ಉತ್ತರಗಳನ್ನು ಹಾಗೇ ಕೂಡಿಸುವುದೂ ಇಲ್ಲ. ಮೊದಲ ತಪಾಸಣೆ ಅಂಗಡಿ ಲೆಕ್ಕದ್ದೇ: ಹಳೆ ದಾಸ್ತಾನಿಗೆ ಕೊಯ್ದದ್ದನ್ನು ಕೂಡಿ, ಕಳಿಸಿದ್ದನ್ನು ಕಳೆದರೆ ಹೊಸ ದಾಸ್ತಾನು ಬರಬೇಕು. ಬರದಿದ್ದರೆ ಫೋನು ಹೋಗುತ್ತದೆ. ಎರಡನೆಯದು ದಿಮ್ಮಿ ಮತ್ತು ಹಲಗೆಯ ತಾಳೆ. ದಿಮ್ಮಿಯಲ್ಲಿ ಸರಿಸುಮಾರು ಅರ್ಧದಷ್ಟೇ ಹಲಗೆಯಾಗುತ್ತದೆ, ಉಳಿದದ್ದು ಚಕ್ಕೆ, ಹೊಟ್ಟು, ಮತ್ತು ಒಣಗುವಾಗ ಆಗುವ ಕುಗ್ಗುವಿಕೆ. ನೂರು ಘನ ಮೀಟರ್ ದಿಮ್ಮಿಗೆ ತೊಂಬತ್ತು ಘನ ಮೀಟರ್ ಹಲಗೆ ಎಂದು ಬರೆದವರು ಏನೋ ತಪ್ಪಿದ್ದಾರೆ. ಅದನ್ನೂ ಮೀರಿದ ಲೆಕ್ಕ ಬಂದರೆ, ಎಲ್ಲಿಂದಲೋ ದಾಖಲೆಯಿಲ್ಲದ ದಿಮ್ಮಿ ಬರುತ್ತಿದೆ ಎಂಬ ಸಂಶಯವೂ ಏಳುತ್ತದೆ. ಅಮೆರಿಕದ ಅರಣ್ಯ ಸೇವೆ ಪ್ರತ್ಯೇಕವಾಗಿ ಗಿರಣಿಗಳನ್ನು ಕೇಳುವುದು ಈ ಆಚೆ ಬದಿಯ ಪ್ರಶ್ನೆಯನ್ನೇ: ಯಾವ ಕೌಂಟಿಯಿಂದ, ಯಾವ ಜಾತಿಯ ದಿಮ್ಮಿ ಎಷ್ಟು ಬಂತು, ಚಕ್ಕೆ ಹೊಟ್ಟು ಎಲ್ಲಿಗೆ ಹೋಯಿತು.

ಈಗ ನಿಮ್ಮ 'ಅಂದಾಜಿ'ಗೆ ಬರೋಣ. ಉತ್ತರ ಕೊಡದ ಗಿರಣಿಯನ್ನು ಸೊನ್ನೆ ಎಂದು ಬರೆಯುವಂತಿಲ್ಲ. ಮುಚ್ಚಿದ ಗಿರಣಿಗೂ ಉತ್ತರಿಸದ ಗಿರಣಿಗೂ ಬಹಳ ವ್ಯತ್ಯಾಸವಿದೆ, ಹೊರಗಿನಿಂದ ಎರಡೂ ಒಂದೇ ಥರ ಕಂಡರೂ. ಮುಚ್ಚಿದ್ದು ಖಾತ್ರಿಯಾದರೆ ಸೊನ್ನೆ. ಇಲ್ಲವಾದರೆ ಅದರ ಹಿಂದಿನ ಸಂಖ್ಯೆ ತೆಗೆದುಕೊಂಡು, ಅಷ್ಟೇ ಗಾತ್ರದ ಇತರ ಗಿರಣಿಗಳು ಎಷ್ಟು ಏರಿವೆ, ಇಳಿದಿವೆ ನೋಡಿ ಅದೇ ಪ್ರಮಾಣದಲ್ಲಿ ಹೊಂದಿಸುತ್ತಾರೆ. ತಡವಾಗಿ ನಿಜ ಉತ್ತರ ಬಂದಾಗ ತಿದ್ದುತ್ತಾರೆ. ಕಳೆದ ತಿಂಗಳ ಅಂಕಿ ಈ ತಿಂಗಳು ಬದಲಾಗಿದ್ದರೆ ಯಾರೋ ಏನೋ ಮುಚ್ಚಿಟ್ಟಿದ್ದರು ಎಂದಲ್ಲ.

ಕೇಳುವ ಕೆಲಸವೇ ನಿಲ್ಲುವುದೂ ಉಂಟು. 2010ರ ದಶಕದ ಆರಂಭದಲ್ಲಿ, ಹಣವಿಲ್ಲವೆಂದು, ಅಮೆರಿಕದ ಜನಗಣತಿ ಬ್ಯೂರೋ ತನ್ನ ಕೈಗಾರಿಕಾ ವರದಿಗಳ ಸರಣಿಯನ್ನೇ ಕೈಬಿಟ್ಟಿತು. ಸಾಮಿಲ್ ವರದಿಯೂ ಅದರೊಂದಿಗೇ ಹೋಯಿತು. ಈಗ ಅಲ್ಲಿನ ಮೆದುಮರದ ಉತ್ಪಾದನೆ ತಿಳಿಯಲು ವೆಸ್ಟರ್ನ್ ವುಡ್ ಪ್ರಾಡಕ್ಟ್ಸ್ ಅಸೋಸಿಯೇಷನ್‌ನಂಥ ಉದ್ಯಮ ಸಂಘಗಳ ಅಂಕಿಗಳನ್ನು ನೋಡಬೇಕು. ಸಂಘಗಳ ಲೆಕ್ಕ ತಪ್ಪು ಎನ್ನುತ್ತಿಲ್ಲ. ಆದರೆ ಕಾನೂನಿನ ಬಲದಿಂದ ಕೇಳುವುದು ಬೇರೆ, ಇಷ್ಟವಿದ್ದರೆ ಹೇಳಿ ಎನ್ನುವುದು ಬೇರೆ. ಅದೂ, ಈ ಅಂಕಿಯ ಅಗತ್ಯ ಹೆಚ್ಚುತ್ತಿರುವಾಗ ಹೀಗಾದದ್ದು ನನಗೆ ವಿಚಿತ್ರ ಎನಿಸುತ್ತದೆ. ಹವಾಮಾನ ಲೆಕ್ಕಾಚಾರದಲ್ಲಿ ಕಟ್ಟಡದೊಳಗಿನ ಮರ ಹಿಡಿದಿಟ್ಟ ಇಂಗಾಲವನ್ನು ದೇಶಗಳು ಇದೇ ಉತ್ಪಾದನಾ ಸಂಖ್ಯೆಯಿಂದ ಲೆಕ್ಕ ಹಾಕುತ್ತವೆ. ಕೊಯ್ದ ಮರಕ್ಕೆ ಅಲ್ಲಿ ಹಿಡಿಯುವ ಅರ್ಧಾಯುಷ್ಯ, ಅಂದರೆ ಅದರಲ್ಲಿನ ಇಂಗಾಲ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, 35 ವರ್ಷ, ಕಾಗದಕ್ಕೆ 2.

ಜಗತ್ತಿನ ಒಟ್ಟು ಲೆಕ್ಕ ವರ್ಷಕ್ಕೆ ಸುಮಾರು 45ರಿಂದ 50 ಕೋಟಿ ಘನ ಮೀಟರ್. ಅದನ್ನು ಕೂಡಿಸುವುದೂ ಫಾರ್ಮುಗಳಿಂದಲೇ. ಆಹಾರ ಮತ್ತು ಕೃಷಿ ಸಂಸ್ಥೆ ಇತರ ಮೂರು ಅಂತಾರಾಷ್ಟ್ರೀಯ ಸಂಸ್ಥೆಗಳೊಂದಿಗೆ ಸೇರಿ ದೇಶಗಳಿಗೆ ಒಂದೇ ಪ್ರಶ್ನಾವಳಿ ಕಳಿಸುತ್ತದೆ. ಉತ್ತರ ಬಂದ ಅಂಕಿಗೆ ಒಂದು ಗುರುತು, ತಾನೇ ಅಂದಾಜಿಸಿದ ಅಂಕಿಗೆ ಇನ್ನೊಂದು ಗುರುತು ಹಾಕಿ ಪ್ರಕಟಿಸುತ್ತದೆ. ಆ ಪಟ್ಟಿಯಲ್ಲಿ ಯಾವುದಾದರೂ ದೇಶದ ಮುಂದೆ ಒಂದೇ ಸಂಖ್ಯೆ ನಾಲ್ಕಾರು ವರ್ಷ ಚೂರೂ ಕದಲದೆ ಕೂತಿದ್ದರೆ ಆ ಗುರುತನ್ನೊಮ್ಮೆ ನೋಡಿ. ಅಲ್ಲಿನ ಗರಗಸಗಳು ವರ್ಷವರ್ಷವೂ ಅಷ್ಟೇ ಕೊಯ್ದಿರಲಾರವು. ಬಹುಶಃ ಫಾರ್ಮ್ ತುಂಬಿ ವಾಪಸ್ ಬಂದಿಲ್ಲ.