ಮಾಡೆಲ್ ಮೊದಲು, ಭಾಷೆ ಆಮೇಲೆ: ಪ್ಯಾರಡೈಮ್ ಪೇಪರ್‌ಗೆ ಒಂದು ಟಿಪ್ಪಣಿ

ಮಾಡೆಲಿಂಗ್ (ನಿಜ ಸಂಗತಿಯ ಸರಳ ರೂಪ ಕಟ್ಟುವುದು) ಮತ್ತು ಪ್ರೋಗ್ರಾಮಿಂಗ್ ಪ್ಯಾರಡೈಮ್ (ಪ್ರೋಗ್ರಾಂ ಬರೆಯುವ ಶೈಲಿ) ಪೇಪರ್ ಕೈಗೆ ಸಿಕ್ಕ ಕೂಡಲೇ ಜಾಸ್ತಿ ಜನ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಲು ಕೂರುತ್ತಾರೆ. ಇಂಪರೇಟಿವ್ ಎಂದರೆ ಹೀಗೆ, ಫಂಕ್ಷನಲ್ ಎಂದರೆ ಹಾಗೆ. ಎರಡು ಅಂಕದ ಪ್ರಶ್ನೆಗೆ ಅದು ಸಾಕು. ಹತ್ತು ಅಂಕದ ಪ್ರಶ್ನೆ ಮಾತ್ರ ಯಾವಾಗಲೂ "ಈ ಸಮಸ್ಯೆಗೆ ಯಾವ ಶೈಲಿ, ಯಾಕೆ?" ಎಂದೇ ಇರುತ್ತದೆ. ಆ 'ಯಾಕೆ'ಗೆ ಉತ್ತರ ಭಾಷೆಯಲ್ಲಿಲ್ಲ, ನಾವು ಕೇಳುವ ಪ್ರಶ್ನೆಯಲ್ಲಿದೆ. ನಮ್ಮ ಶಿವಮೊಗ್ಗ ಜಿಲ್ಲೆಯದೇ ಮೂರು ಪ್ರಶ್ನೆ ಹಿಡಿದು ನೋಡೋಣ.

ಮೊದಲು ಡ್ಯಾಂ. ಮಳೆಗಾಲ ಬಂತೆಂದರೆ ದಿನಪತ್ರಿಕೆಯಲ್ಲಿ ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂದು ದಿನಾ ಬರುತ್ತದಲ್ವಾ? ಲಿಂಗನಮಕ್ಕಿ ಡ್ಯಾಂನ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಅದರ ಮಾಡೆಲ್ ಒಂದೇ ಸಾಲು:

ನಾಳಿನ ಸಂಗ್ರಹ = ಇಂದಿನ ಸಂಗ್ರಹ + ಒಳಹರಿವು − ಹೊರಹರಿವು

ಹರಿವು ಕ್ಯೂಸೆಕ್‌ನಲ್ಲಿ (ಸೆಕೆಂಡಿಗೆ ಒಂದು ಘನ ಅಡಿ), ಸಂಗ್ರಹ ಟಿಎಂಸಿಯಲ್ಲಿ. ಒಂದು ಕ್ಯೂಸೆಕ್ ದಿನವಿಡೀ ಹರಿದರೆ 86,400 ಘನ ಅಡಿ. ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಹಾಗಾಗಿ ಸುಮಾರು 11,574 ಕ್ಯೂಸೆಕ್ ಇಡೀ ದಿನ ಬಂದರೆ ಒಂದು ಟಿಎಂಸಿ ಸೇರುತ್ತದೆ. ಸಂಗ್ರಹದ ಬದಲು ಅಡಿಯಲ್ಲೇ ಕೂಡಿ ಕಳೆಯಲು ಹೋಗಬೇಡಿ. ಕಣಿವೆ ಮೇಲೆ ಹೋದಂತೆ ಅಗಲವಾಗುತ್ತದೆ. 1750ರ ಹತ್ತಿರದ ಒಂದು ಅಡಿಗಿಂತ 1810ರ ಹತ್ತಿರದ ಒಂದು ಅಡಿ ಜಾಸ್ತಿ ನೀರು ಹಿಡಿಯುತ್ತದೆ. ಆವಿಯಾಗುವುದು, ಇಂಗುವುದು ಎಲ್ಲ ನಮ್ಮ ಸಾಲಿನಲ್ಲಿ ಇಲ್ಲ. ಬಿಟ್ಟದ್ದೇನು ಎಂದು ಬರೆದಿಡಿ, ಅದಕ್ಕೂ ಅಂಕವಿದೆ.

ಇಂಪರೇಟಿವ್ ಶೈಲಿಯಲ್ಲಿ, ಅಂದರೆ ಹಂತ ಹಂತವಾಗಿ ಆಜ್ಞೆ ಕೊಡುವ ಶೈಲಿಯಲ್ಲಿ, 'ಸಂಗ್ರಹ' ಎಂಬ ವೇರಿಯಬಲ್ ಮೇಲೆ ದಿನಾ ಹೊಸ ಅಂಕಿ ಕೂರುತ್ತದೆ, ನಿನ್ನೆಯದು ಅಳಿಸಿಹೋಗುತ್ತದೆ. ಫಂಕ್ಷನಲ್ ಶೈಲಿಯಲ್ಲಿ ಯಾವುದನ್ನೂ ಅಳಿಸುವುದಿಲ್ಲ. ಇಂದಿನ ಸ್ಥಿತಿ ಕೊಟ್ಟರೆ ನಾಳಿನದು ಹೊಸದಾಗಿ ಬರುತ್ತದೆ. ಒಳಹರಿವು–ಹೊರಹರಿವಿನ ಪಟ್ಟಿಯ ಮೇಲೆ ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯ ಸ್ಕ್ಯಾನ್‌ಎಲ್ (ಪಟ್ಟಿಯುದ್ದಕ್ಕೂ ಲೆಕ್ಕ ಮುಂದುವರಿಸಿ ಪ್ರತಿ ಹಂತದ ಉತ್ತರ ಇಟ್ಟುಕೊಳ್ಳುವ ಫಂಕ್ಷನ್) ಓಡಿಸಿದರೆ ಎಲ್ಲ ದಿನಗಳ ಸಂಗ್ರಹ ಒಟ್ಟಿಗೆ ಸಿಗುತ್ತದೆ. "ಜುಲೈ 15ರಿಂದ ಗೇಟ್ ತೆಗೆದಿದ್ದರೆ?" ಎಂದು ಕೇಳಬೇಕಾದರೆ ಆ ದಿನದ ಸ್ಥಿತಿ ಅಲ್ಲೇ ಇರುತ್ತದೆ, ಅಲ್ಲಿಂದ ಇನ್ನೊಂದು ಕವಲು ಹೊರಡಿಸಿದರಾಯಿತು. ಹಾಗೆ ನೋಡಿದರೆ ಎಕ್ಸೆಲ್ ಸೂತ್ರ ಬರೆಯುವವರೆಲ್ಲ ಗೊತ್ತಿಲ್ಲದೇ ಫಂಕ್ಷನಲ್ ಪ್ರೋಗ್ರಾಮರ್‌ಗಳೇ. ಈ ಶೈಲಿಯ ಪರ ಜೋರಾಗಿ ವಾದಿಸಿದವರಲ್ಲಿ ಒಬ್ಬರು, 1977ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ, ಜಾನ್ ಬ್ಯಾಕಸ್. ಇಂಪರೇಟಿವ್ ಭಾಷೆಯಾದ ಫೋರ್ಟ್ರಾನ್ ಕಟ್ಟಿದ ತಂಡದ ಮುಖ್ಯಸ್ಥರೂ ಅವರೇ!

ಎರಡನೆಯದು ನದಿ: ಯಾವುದು ಎಲ್ಲಿಗೆ ಸೇರುತ್ತದೆ? ಇಲ್ಲಿ ಲೆಕ್ಕವಿಲ್ಲ, ಸಂಬಂಧ ಮಾತ್ರ. ಇದಕ್ಕೆ ಲಾಜಿಕ್ ಶೈಲಿಯ ಪ್ರೋಲಾಗ್ ಸರಿ. 1972ರ ಹೊತ್ತಿಗೆ ಫ್ರಾನ್ಸಿನ ಮಾರ್ಸೇಯಲ್ಲಿ ಅಲೆನ್ ಕೋಲ್ಮರಾರ್ ತಂಡ ಕಟ್ಟಿದ ಭಾಷೆ ಇದು. ಕನ್ನಡ ಲಿಪಿಯಲ್ಲೇ ಬರೆಯೋಣ. ಪ್ರೋಲಾಗ್‌ನಲ್ಲಿ ವೇರಿಯಬಲ್ (ಉತ್ತರ ಬಂದು ಕೂರುವ ಖಾಲಿ ಜಾಗ) ದೊಡ್ಡಕ್ಷರದಿಂದ ಅಥವಾ ಅಂಡರ್‌ಸ್ಕೋರ್‌ನಿಂದ ಶುರುವಾಗಬೇಕು. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲದ್ದರಿಂದ ಅಂಡರ್‌ಸ್ಕೋರೇ ಗತಿ.

ಸೇರು(ಮಾಲತಿ, ತುಂಗಾ).
ಸೇರು(ತುಂಗಾ, ತುಂಗಭದ್ರಾ).
ಸೇರು(ಭದ್ರಾ, ತುಂಗಭದ್ರಾ).
ಸೇರು(ವರದಾ, ತುಂಗಭದ್ರಾ).
ಸೇರು(ತುಂಗಭದ್ರಾ, ಕೃಷ್ಣಾ).
ಸೇರು(ಕೃಷ್ಣಾ, ಬಂಗಾಳ_ಕೊಲ್ಲಿ).
ಸೇರು(ಸೀತಾ, ಅರಬ್ಬಿ_ಸಮುದ್ರ).
ಸೇರು(ಶರಾವತಿ, ಅರಬ್ಬಿ_ಸಮುದ್ರ).

ತಲುಪು(_ಅ, _ಬ) :- ಸೇರು(_ಅ, _ಬ).
ತಲುಪು(_ಅ, _ಕ) :- ಸೇರು(_ಅ, _ಬ), ತಲುಪು(_ಬ, _ಕ).

ಎರಡೇ ನಿಯಮ (:- ಎಂದರೆ 'ಹೀಗಿದ್ದರೆ', ನಡುವಿನ ಅಲ್ಪವಿರಾಮ ಎಂದರೆ 'ಮತ್ತು'). "ಮಾಲತಿ ಎಲ್ಲೆಲ್ಲಿಗೆ ತಲುಪುತ್ತಾಳೆ?" ಎಂದು ಕೇಳಿದರೆ ತುಂಗಾದಿಂದ ಬಂಗಾಳ ಕೊಲ್ಲಿಯವರೆಗೆ ಉತ್ತರ ಬರುತ್ತದೆ. ಅದೇ ನಿಯಮಗಳನ್ನು ತಿರುಗಿಸಿ "ಬಂಗಾಳ ಕೊಲ್ಲಿಗೆ ಯಾರ್ಯಾರು?" ಎಂದೂ ಕೇಳಬಹುದು. ಆಗ ಮೊದಲು ಬರುವುದು ಕೃಷ್ಣಾ, ಯಾಕೆಂದರೆ ಮೊದಲ ನಿಯಮಕ್ಕೆ ನೇರವಾಗಿ ಸಿಗುವವಳು ಅವಳೊಬ್ಬಳೇ. ಆಮೇಲೆ ಎರಡನೇ ನಿಯಮ ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕುತ್ತದೆ: ಮಾಲತಿ, ತುಂಗಾ, ಭದ್ರಾ, ವರದಾ, ತುಂಗಭದ್ರಾ. ಸೀತಾ, ಶರಾವತಿ ಬರುವುದಿಲ್ಲ. ಆಗುಂಬೆ ಕಡೆ ಬಿದ್ದ ಮಳೆ ಒಂದು ಮಗ್ಗುಲಲ್ಲಿ ಮಾಲತಿ ಹಿಡಿದು ಪೂರ್ವಕ್ಕೆ, ಇನ್ನೊಂದು ಮಗ್ಗುಲಲ್ಲಿ ಸೀತಾ ಹಿಡಿದು ಪಶ್ಚಿಮಕ್ಕೆ ಹೋಗುತ್ತದೆ ಎನ್ನುವುದು ಲೂಪ್ ಒಂದೂ ಬರೆಯದೆ ಸಿಕ್ಕಿತು.

ಈಗ ಕುಮುದ್ವತಿಯ ಬಗ್ಗೆ ಕೇಳಿ ನೋಡಿ. 'ಸುಳ್ಳು' ಎನ್ನುತ್ತದೆ! ಆ ನದಿ ತುಂಗಭದ್ರೆಗೆ ಸೇರುವುದು ನಮಗೆ ಗೊತ್ತು, ಪಟ್ಟಿಯಲ್ಲಿ ಮಾತ್ರ ಬರೆದಿಲ್ಲ. ಪ್ರೋಲಾಗ್‌ನ 'ಸುಳ್ಳು' ಎಂದರೆ 'ಇಲ್ಲಿರುವ ವಿಷಯದಿಂದ ಸಾಧಿಸಲು ಆಗಲಿಲ್ಲ' ಎಂದಷ್ಟೇ. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ.

ಇನ್ನೊಂದು ಮಾತು. ಪ್ರೋಲಾಗ್‌ನಲ್ಲಿ 'ಏನು' ಎಂದು ಹೇಳಿದರೆ ಸಾಕು, 'ಹೇಗೆ' ಬೇಕಿಲ್ಲ ಎಂದು ನೋಟ್ಸ್‌ನಲ್ಲಿ ಇರುತ್ತದೆ. ಪೂರ್ತಿ ನಂಬಬೇಡಿ. ಎರಡನೇ ನಿಯಮವನ್ನು ತಿರುವಿ, ತಲುಪು(_ಅ, _ಬ) ಮೊದಲು, ಸೇರು(_ಬ, _ಕ) ಆಮೇಲೆ ಎಂದು ಬರೆಯಿರಿ. ತರ್ಕದಲ್ಲಿ ಎರಡೂ ಒಂದೇ. ಆದರೂ ಉತ್ತರಗಳೆಲ್ಲ ಬಂದಾದ ಮೇಲೆ ಇನ್ನೊಂದು ಉತ್ತರ ಕೇಳಿದರೆ ನಿಯಮ ತನ್ನನ್ನೇ ಕರೆದುಕೊಳ್ಳುತ್ತಾ ಸ್ಟ್ಯಾಕ್ (ಕರೆಗಳನ್ನು ನೆನಪಿಡುವ ಜಾಗ) ತುಂಬಿಸಿ ಬೀಳುತ್ತದೆ. ಎಸ್‌ಡಬ್ಲ್ಯೂಐ ಪ್ರೋಲಾಗ್‌ನಲ್ಲಿ ಇದಕ್ಕೆ ಟೇಬ್ಲಿಂಗ್ (ಸಿಕ್ಕ ಉತ್ತರ ನೆನಪಿಟ್ಟುಕೊಳ್ಳುವುದು) ಎಂಬ ಪರಿಹಾರವಿದೆ. ಪರೀಕ್ಷೆಗೆ ಕ್ರಮ ಸರಿಯಾಗಿ ಬರೆದರೆ ಸಾಕು.

ಮೂರನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ವೈರಸ್‌ಗೂ ಆ ಕಾಡಿನದೇ ಹೆಸರು. ರೋಗ ಹರಡುವಿಕೆ ಎಂದ ಕೂಡಲೇ ಎಲ್ಲರೂ 1927ರ ಕೆರ್‌ಮ್ಯಾಕ್–ಮೆಕೆಂಡ್ರಿಕ್ ಮಾದರಿಯ ಎಸ್‌ಐಆರ್ ಸಮೀಕರಣ (ಜನರನ್ನು ರೋಗ ತಗುಲಬಹುದಾದವರು, ಸೋಂಕಿತರು, ಗುಣವಾದವರು ಎಂದು ಮೂರು ಗುಂಪು ಮಾಡುವ ಲೆಕ್ಕ) ಇಳಿಸಿಬಿಡುತ್ತಾರೆ. ಇಲ್ಲಿ ಅದು ಹಾಗೇ ಕೂರುವುದಿಲ್ಲ. ಎಸ್‌ಐಆರ್‌ನಲ್ಲಿ ರೋಗಿ ಆರೋಗ್ಯವಂತನಿಗೆ ಅಂಟಿಸುತ್ತಾನೆ. ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ಉಣುಗು (ರಕ್ತ ಹೀರುವ ಹುಳ) ಕಚ್ಚಬೇಕು. ಅಲ್ಲದೆ ಜಾಗ ಮುಖ್ಯ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಅಲ್ಲೇ ಸುತ್ತ ಉದುರುತ್ತದೆ, ಆ ತುಂಡು ಕಾಡು ಅಪಾಯದ ಜಾಗವಾಗುತ್ತದೆ. ಇಡೀ ತಾಲ್ಲೂಕಿನ ಸರಾಸರಿ ತೆಗೆದರೆ ಆ ತುಂಡೇ ಕಾಣೆ.

ಹಾಗಾಗಿ ಏಜೆಂಟ್ ಆಧಾರಿತ ಮಾಡೆಲ್, ಅಂದರೆ ಒಂದೊಂದು ಜೀವಿಯನ್ನೂ ಬೇರೆ ಬೇರೆಯಾಗಿ ನಿಯಮದಂತೆ ನಡೆಸುವುದು. ಯೂರಿ ವಿಲೆನ್‌ಸ್ಕಿಯವರ ನೆಟ್‌ಲೋಗೋದಲ್ಲಿ (ಇಂಥ ಮಾಡೆಲ್‌ಗೆಂದೇ ಇರುವ ಭಾಷೆ) ನೆಲದ ಒಂದೊಂದು ಚೌಕವೂ ಒಂದು ಪ್ಯಾಚ್. ಸೋಂಕಿನ ಉಣುಗಿನ ಸಂಖ್ಯೆಯನ್ನು ಪ್ಯಾಚ್‌ಗೆ ಕೊಡಿ. ಮಂಗ ಒಂದು ಬಗೆಯ ಏಜೆಂಟ್, ದರಗು (ಒಣಗಿದ ಎಲೆ) ಗುಡಿಸಲು ಕಾಡಿಗೆ ಹೋಗುವವರು ಇನ್ನೊಂದು ಬಗೆ. ಮಂಗ ಸತ್ತರೆ ಆ ಪ್ಯಾಚ್‌ನ ಅಂಕಿ ಏರುತ್ತದೆ, ಅಲ್ಲಿ ಕಾಲಿಟ್ಟವರಿಗೆ ಸಂಭವನೀಯತೆಯ ಪ್ರಕಾರ ಸೋಂಕು. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಮರಿ ಉಣುಗು ಜಾಸ್ತಿ, ಆದ್ದರಿಂದ ತಿಂಗಳ ಲೆಕ್ಕವೂ ಬೇಕು.

ಆಬ್ಜೆಕ್ಟ್ ಓರಿಯೆಂಟೆಡ್ ಶೈಲಿ (ಮಾಹಿತಿ, ಅದರ ವರ್ತನೆ ಎರಡನ್ನೂ ಒಂದೇ ವಸ್ತುವಿನಲ್ಲಿ ಇಡುವುದು) ಹುಟ್ಟಿದ್ದೂ ಇಂಥ ಅಗತ್ಯದಿಂದಲೇ. ಓಸ್ಲೋದಲ್ಲಿ ಡಾಲ್ ಮತ್ತು ನೀಗಾರ್ಡ್ ಸಿಮ್ಯುಲೇಷನ್‌ಗೆಂದು ಸಿಮ್ಯುಲಾ ಕಟ್ಟಿದರು. ಕ್ಲಾಸ್ (ಒಂದು ಬಗೆಯ ವಸ್ತುಗಳ ಅಚ್ಚು), ಇನ್‌ಹೆರಿಟೆನ್ಸ್ (ಒಂದು ಕ್ಲಾಸ್‌ನ ಗುಣ ಇನ್ನೊಂದು ಪಡೆಯುವುದು) ಎಲ್ಲ ಸಿಮ್ಯುಲಾ 67ರಲ್ಲೇ ಬಂದವು. ಜಾವಾ ಪಾಠದಲ್ಲಿ ಇದನ್ನು ಯಾಕೆ ಹೇಳುವುದಿಲ್ಲವೋ!

ಲ್ಯಾಬ್ ರೆಕಾರ್ಡ್ ಬಗ್ಗೆ: ಈ ಮಾಡೆಲ್ ಪ್ರತಿ ಸಲವೂ ಬೇರೆ ಅಂಕಿ ಕೊಡುತ್ತದೆ. ಒಂದೇ ಓಟದ ಗ್ರಾಫ್ ಅಂಟಿಸಬೇಡಿ. ನೆಟ್‌ಲೋಗೋದ ಬಿಹೇವಿಯರ್‌ಸ್ಪೇಸ್ ಎಂಬ ಸಲಕರಣೆಯಲ್ಲಿ ಹಲವು ಸಲ ಓಡಿಸಿ, ಕನಿಷ್ಠ–ಗರಿಷ್ಠ ಎರಡನ್ನೂ ಬರೆಯಿರಿ. ಬಳಸಿದ ರ‍್ಯಾಂಡಮ್ ಸೀಡ್ (ಯಾದೃಚ್ಛಿಕ ಅಂಕಿಗಳ ಸರಣಿಯನ್ನು ಶುರುಮಾಡುವ ಸಂಖ್ಯೆ) ಕೂಡ ಬರೆದಿಡಿ, ಪರೀಕ್ಷಕರು ಮತ್ತೆ ಓಡಿಸಿ ತೋರಿಸಿ ಎಂದರೆ ಅದೇ ಅಂಕಿ ಬರುತ್ತದೆ.